ಇದು ಊರಿಗೆ

ಕೇಕಿನ ಹಸಿರು ಕ್ರೀಮು ಒಂದು ಬದಿಯಿಂದ ಜಾರುತ್ತಿದೆ, ಏಸಿ ಇದ್ದೂ ಜಾರುತ್ತಿದೆ, ಹನ್ನೊಂದು ಹೆಂಗಸರು ಮತ್ತು ಅವರ ಮಕ್ಕಳು ಒಂದೇ ಕೋಣೆಯಲ್ಲಿ ಉಸಿರಾಡಿದರೆ ಆ ಬಡಪಾಯಿ ಏಸಿಯಾದರೂ ಏನು ಮಾಡೀತು, ಕಿಟಕಿಯಲ್ಲಿ ಕೂತು ಗೊರಗೊರ ಅನ್ನುತ್ತಿದೆ ಅಷ್ಟೇ, ಗಂಡಸರು ಆಚೆ ಕೋಣೆಯಲ್ಲಿ, ಪರದೆಯ ಆಚೆ, ಅವರಿಗೆ ಬರೀ ಫ್ಯಾನು, ಇರಲಿ, ಒಂದು ಶುಕ್ರವಾರ ಬೆವರಲಿ — ಬೇಗ ಕತ್ತರಿಸಬೇಕು ಈ ಕೇಕು, ಆದರೆ ಮಸೂದಾ ಇನ್ನೂ ಬಂದಿಲ್ಲ, ಮಸೂದಾ ಬಾರದೆ ಜಿದ್ದಾದ ಈ ಶರಫಿಯಾ ಬಡಾವಣೆಯ ನಮ್ಮವರಲ್ಲಿ ಯಾರ ಮನೆಯ ಕೇಕಿಗೂ ಚೂರಿ ಬೀಳುವುದಿಲ್ಲ. ಭಟ್ಕಳದ ಸಾದುಲ್ಲಾ ಸಾಹೇಬರ ಹೆಂಡತಿ, ಗಂಡನಿಗೆ ದೊಡ್ಡ ಬಟ್ಟೆ ಅಂಗಡಿ, ಹದಿನೆಂಟು ವರ್ಷ ಜಿದ್ದಾದಲ್ಲಿ ಕಳೆದವರು, ಇಲ್ಲಿ ಹೇಗಿರಬೇಕೆಂದು ನಮಗೆಲ್ಲ ಹೇಳಿಕೊಟ್ಟವರು ಅವರೇ. ಬರ್ತ್‌ಡೇ ಎನ್ನಬಾರದು, ಚಾಯಕ್ಕೆ ಬನ್ನಿ ಎನ್ನಬೇಕು, ಇದು ನಮ್ಮ ಪದ್ಧತಿಯಾ ಎಂದು ಹಿರಿಯರು ಯಾರಾದರೂ ಕೇಳಿದರೆ ಚಾಯ ಕುಡಿದದ್ದು ಮಾತ್ರ ಎನ್ನಬಹುದು, ಏನೂ ತರಬೇಡಿ ಎನ್ನಬೇಕು, ನಿಜವಾಗಿಯೂ ಏನೂ ತರದವರನ್ನು ಮುಂದಿನ ವರ್ಷ ಕರೆಯಲು ಮರೆಯಬೇಕು, ಪೊಟ್ಟಣ ಚಾಚಿದಾಗ ಅಯ್ಯೋ ಇದೆಲ್ಲ ಯಾಕೆ ಎಂದು ಎರಡು ಸಲ ಹೇಳಿ ಮೂರನೆಯ ಸಲಕ್ಕೆ ಕೈಯೊಡ್ಡಬೇಕು, ಮತ್ತೆ ಬಂದವರ ಎದುರು ಅದನ್ನು ಬಿಚ್ಚಲಂತೂ ಬಾರದು, ಪ್ರಾಣ ಹೋದರೂ ಬಾರದು, ಬಿಚ್ಚಿದರೆ ಕಂಡರಿಯದವರು ಅಂದುಕೊಳ್ಳುತ್ತಾರೆ. ಏಳು ವರ್ಷದಲ್ಲಿ ನಾನು ಈ ಪಾಠಗಳಲ್ಲಿ ಒಂದನ್ನೂ ತಪ್ಪಿದವಳಲ್ಲ.

ಒಳಗೆ ಮಂಚದ ಪಕ್ಕ ಎರಡು ಪೆಟ್ಟಿಗೆ ಬಾಯಿ ತೆರೆದು ಬಿದ್ದಿವೆ, ಇನ್ನು ಹದಿನೈದೇ ದಿನ, ಎರಡು ವರ್ಷಕ್ಕೊಮ್ಮೆಯ ರಜೆ, ಬೊಂಬಾಯಿಗೆ ವಿಮಾನ, ಅಲ್ಲಿಂದ ಮಂಗಳೂರಿಗೆ ಬಸ್ಸು, ಬಸ್ಸಿಳಿಯುವಾಗ ಇವರ ಮೂವರು ತಂಗಿಯಂದಿರು, ಅವರ ಮಕ್ಕಳು, ಎಲ್ಲರ ಕಣ್ಣು ಒಂದು ಗಳಿಗೆ ನಮ್ಮ ಮುಖದ ಮೇಲೆ, ಆಮೇಲೆ ಪೆಟ್ಟಿಗೆಯ ಮೇಲೆ, ಅವರದೇನೂ ತಪ್ಪಲ್ಲ, ಮದುವೆಗೆ ಮುಂಚೆ ನಾನೂ ದುಬೈಯಿಂದ ಬಂದ ಮಾವನ ಮುಖ ನೋಡಿದವಳಲ್ಲ — ಈ ವರ್ಷ ಇವರ ಕಂಪೆನಿಯಲ್ಲಿ ಓವರ್‌ಟೈಮ್ ನಿಂತುಹೋಯಿತು, ಇವರು, ನನ್ನ ಗಂಡ ಹಸನ್ ಕುಂಞಿ, ಸ್ಟೋರಿನಲ್ಲಿ ನಟ್ಟು ಬೋಲ್ಟು ಕಾಯುವ ಮನುಷ್ಯ, ತಲೆಗೆ ಕೈಯಿಟ್ಟು ಕೂತರು, ಊರಿಗೆ ಎಂತ ಕೊಂಡೋಗುದು ಸಫಿಯಾ, ಬರಿಗೈಯಲ್ಲಿ ಹೋಗ್ಲಿಕ್ಕೆ ಆಗ್ತದಾ, ಆಗ ನಾನೇ ಅಂದದ್ದು, ಬೇರೆ ಯಾರೂ ಅಲ್ಲ, ನಾನೇ, ಚಿಂತೆ ಮಾಡ್ಬೇಡಿ, ರಹ್ಮತ್‌ನ ಬರ್ತ್‌ಡೇ ಉಂಟಲ್ಲ, ಅದ್ರಲ್ಲಿ ಬಂದದ್ದು ಸಾಕಾಗ್ತದೆ. ಇವರ ಮುಖ ಅರಳಿತು, ಅಂದೇ ತಮ್ಮ ಉಮ್ಮನಿಗೆ, ನನ್ನ ಅತ್ತೆಗೆ, ಕಾಗದ ಹಾಕಿದರು, ಮಕ್ಕಳಿಗೆಲ್ಲ ಸಾಮಾನು ತರುತ್ತೇವೆ ಎಂದು. ಹೀಗೆ ಈ ಚಾಯ, ಈ ಸಮೋಸ, ಈ ಜಾರುವ ಕೇಕು. ನನ್ನ ಮಗಳಿಗೆ ಏಳು ತುಂಬಿದ್ದು ಪೆಟ್ಟಿಗೆ ತುಂಬುವುದಕ್ಕೆ.

ಇದು ಹೊಸತೇನಲ್ಲ, ಎಲ್ಲರ ಮನೆಯಲ್ಲೂ ಇದೇ, ಬಂದವರು ಹೋದ ಮೇಲೆ ನಾನು ಬ್ಲೇಡು ಹಿಡಿದು ಕೂರುತ್ತೇನೆ, ಟೇಪಿನ ಅಂಚು ಮೆಲ್ಲಗೆ ಎಬ್ಬಿಸಿ, ಕಾಗದ ಹರಿಯದ ಹಾಗೆ ಒಳಗೆ ಇಣುಕಿ, ಮತ್ತೆ ಅದೇ ಗೆರೆಗೆ ಕೂರಿಸಿ, ಮೇಲೆ ಪೆನ್ನಿನಲ್ಲಿ ಊರಿನ ಮಕ್ಕಳ ಹೆಸರು ಬರೆಯುತ್ತೇನೆ, ಅದರಲ್ಲಿ ನನಗೆ ಹೆಮ್ಮೆ ಬೇರೆ ಇತ್ತು — ಒಮ್ಮೆ ಇವರ ಜೊತೆ ಕೆಲಸ ಮಾಡುವ ಕೂಸಪ್ಪ, ಬೆಳ್ತಂಗಡಿಯವರು, ಮದುವೆಯಾಗದವರು, ಪದ್ಧತಿ ಗೊತ್ತಿಲ್ಲದೆ ಬಲೆಯಲ್ಲಿ ಒಂದು ಕೆಂಪು ಚೆಂಡು ಹಾಕಿಕೊಂಡು ಬಂದಿದ್ದರು, ಡಬ್ಬಿಯಿಲ್ಲ, ಕಾಗದವಿಲ್ಲ, ಪೆಟ್ಟಿಗೆಗೆ ಹೇಗೆ ಹಾಕುವುದು, ನಾನು ಅದರ ಗಾಳಿ ಬಿಟ್ಟೆ, ಮೊಣಕಾಲಿನಲ್ಲಿ ಒತ್ತಿ ಒತ್ತಿ ಬಿಟ್ಟೆ, ರಹ್ಮತ್ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು, ಅಳಲಿಲ್ಲ, ಜಾಣ ಹುಡುಗಿ ಅಂದುಕೊಂಡೆ. ಅದೇ ವರ್ಷ, ಎಂಬತ್ತನಾಲ್ಕರಲ್ಲಿ, ಒಂದು ಬೊಂಬೆಯೂ ಬಂದಿತ್ತು, ಮಲಗಿಸಿದರೆ ಕಣ್ಣು ಮುಚ್ಚುವ, ಎಬ್ಬಿಸಿದರೆ ತೆರೆಯುವ ಬೊಂಬೆ, ಯಾರು ಕೊಟ್ಟದ್ದೆಂದೂ ನೆನಪಿಡಲಿಲ್ಲ, ನಾದಿನಿ ನಫೀಸತ್‌ಳ ಮಗಳಿಗೆ ಹೋಯಿತು, ಉಪ್ಪಿನಂಗಡಿಯ ಆ ಮನೆಯಲ್ಲಿ ಪೊಟ್ಟಣ ಬಿಚ್ಚುವಾಗ ನನ್ನ ಮಗಳು ಗೋಡೆಗೆ ಒರಗಿ ನಿಂತಿದ್ದಳು, ಐದು ವರ್ಷ, ಶಾಲೆಯಲ್ಲಿ ಕಲಿತ ಇಂಗ್ಲಿಷ್ ಬಾಯಿ ತುಂಬ, ತನ್ನದೇ ಬೊಂಬೆಯನ್ನು ನೋಡಿ ನೈಸ್ ಅಂದಳು, ವಾಟ್ ಈಸ್ ಹರ್ ನೇಮ್ ಅಂದಳು, ನೆಂಟರ ಮನೆಗೆ ಬಂದ ಹುಡುಗಿಯ ಹಾಗೆ ಮರ್ಯಾದೆಯಿಂದ ಕೇಳಿದಳು. ಹೆಸರಿಡಲು ಪುರಸೊತ್ತಾಗಲಿಲ್ಲ ಆ ಬೊಂಬೆಗೆ, ಹಾಳಾಗ್ತದೆ, ಮುಟ್ಬೇಡಿ ಎಂದು ನಫೀಸತ್ ಅದನ್ನು ಪ್ಲಾಸ್ಟಿಕ್ ಸಮೇತ ಗಾಜಿನ ಕಪಾಟಿನಲ್ಲಿ ನಿಲ್ಲಿಸಿದಳು, ಅವಳ ಮಗಳಿಗೂ ಸಿಗಲಿಲ್ಲ, ನನ್ನ ಮಗಳಿಗೂ ಸಿಗಲಿಲ್ಲ. ಎರಡು ವರ್ಷದಿಂದ ಅದು ಅಲ್ಲೇ ನಿಂತಿದೆ, ನಿಂತೇ ಇರುವುದರಿಂದ ಕಣ್ಣು ಮುಚ್ಚಲೂ ಇಲ್ಲ.

ಬೆಲ್ಲು. ಮಸೂದಾ. ಅತ್ತರಿನ ವಾಸನೆ ಮೊದಲು ಒಳಗೆ ಬಂತು, ಆಮೇಲೆ ಕಪ್ಪು ಅಬಾಯಾ, ಆಮೇಲೆ ಆ ದೊಡ್ಡ ಪೊಟ್ಟಣ, ಬಂಗಾರದ ಬಣ್ಣದ ಕಾಗದ, ಎರಡು ಕೈಯಲ್ಲಿ ಹಿಡಿಯುವಷ್ಟು, ಹೆಂಗಸರೆಲ್ಲ ಕತ್ತು ನೀಡಿದರು, ಈ ದೇಶದ ಆಚೆ ತುದಿಯ ಥುಕ್ಬಾದಿಂದ ಅಕ್ಕನ ಮನೆಗೆ ರಜೆಗೆ ಬಂದಿರುವ ಫಾತಿಮತ್ ನನ್ನ ಕಿವಿಯಲ್ಲಿ ಅಂದಳು, ನಿನ್ನ ಒಂದು ಪೆಟ್ಟಿಗೆ ಇದ್ರಲ್ಲೇ ತುಂಬಿತು ಮಾರಾಯ್ತಿ, ನಾನು ಅಯ್ಯೋ ಇದೆಲ್ಲ ಯಾಕೆ ಅಂದೆ, ಇನ್ನೊಮ್ಮೆ ಅನ್ನಲು ಬಾಯಿ ತೆರೆದೆ — ಅಷ್ಟರಲ್ಲಿ ರಹ್ಮತ್ ಬಂದಳು, ಹೊಸ ಫ್ರಾಕು, ಮುಂದಿನ ಹಲ್ಲೊಂದು ಬಿದ್ದ ಬಾಯಿ, ಥ್ಯಾಂಕ್ಯೂ ಆಂಟಿ ಅಂದಳು, ಪೊಟ್ಟಣವನ್ನು ಹಿಂದೆ ಮುಂದೆ ನೋಡಲಿಲ್ಲ, ಅಲುಗಾಡಿಸಿ ಕೇಳಲಿಲ್ಲ, ಅಪ್ಪಿ ಹಿಡಿದು ನೇರ ಮಲಗುವ ಕೋಣೆಯ ಕಡೆ ತಿರುಗಿದಳು, ನೀರಿನ ಕೊಡ ಒಳಗಿಡಲು ಹೋಗುವವಳ ಹಾಗೆ, ಮಸೂದಾ ನಗುತ್ತಾ ಕೇಳಿದರು, ಎಲ್ಲಿಗೆ ಓಡ್ತೀ ಬೇಟಿ, ಏನಿದೆ ಅಂತ ನೋಡಲ್ವಾ. ನನ್ನ ಮಗಳು ನಿಂತು, ಪಾಠ ಒಪ್ಪಿಸುವ ದನಿಯಲ್ಲಿ, ಕೋಣೆಗೆಲ್ಲ ಕೇಳುವ ಹಾಗೆ ಅಂದಳು, ಇಲ್ಲ ಆಂಟಿ, ಇದು ಊರಿಗೆ.

ಇದು ಊರಿಗೆ. ದುಃಖವಿರಲಿಲ್ಲ ಆ ದನಿಯಲ್ಲಿ, ದೂರಿರಲಿಲ್ಲ, ಇದ್ದಿದ್ದರೆ ನಾನು ಗದರಿಸಿ ಸುಮ್ಮನಾಗಿಸುತ್ತಿದ್ದೆ, ಇದ್ದದ್ದು ಬರೀ ತಿಳಿವಳಿಕೆ, ನಾನೇ ಕಲಿಸಿದ ತಿಳಿವಳಿಕೆ, ಹನ್ನೊಂದು ಹೆಂಗಸರು ಸಮೋಸ ಹಿಡಿದ ಕೈಯನ್ನು ಹಾಗೇ ಇಟ್ಟುಕೊಂಡು ನನ್ನನ್ನು ನೋಡುತ್ತಿದ್ದಾರೆ, ಮಸೂದಾರ ನಗು ಅರ್ಧಕ್ಕೆ ನಿಂತಿದೆ, ನನ್ನ ಕಿವಿಯ ತುದಿ ಸುಡುತ್ತಿದೆ, ನಗಬೇಕು, ಮಕ್ಕಳಲ್ವಾ ಏನೋ ಹೇಳ್ತಾವೆ ಎನ್ನಬೇಕು, ಮಾತು ನಾಲಿಗೆಯ ಮೇಲೇ ಇದೆ, ಇವರ ಕಾಗದ ಊರು ಮುಟ್ಟಿರಬೇಕು, ಅತ್ತೆ ನೆರೆಯವರಿಗೆಲ್ಲ ಓದಿಸಿರಬೇಕು, ನಫೀಸತ್ ಕಪಾಟಿನಲ್ಲಿ ಜಾಗ ಮಾಡಿರಬೇಕು, ಪೆಟ್ಟಿಗೆ ಖಾಲಿಯಾದರೆ ಒಂದು ತಿಂಗಳ ರಜೆಯಿಡೀ ಅವರ ಮುಖ ಹೇಗೆ ನೋಡಲಿ — ಬಿಚ್ಚು ಅಂದೆ. ಯಾರೋ ಅಂದ ಹಾಗೆ ಕೇಳಿಸಿತು, ನಾನೇ ಅಂದದ್ದು. ಮೋಳೇ, ಅದನ್ನು ಇಲ್ಲೇ ಬಿಚ್ಚು, ಎಲ್ಲವನ್ನೂ ಬಿಚ್ಚು, ಅದು ನಿಂದು. ಫಾತಿಮತ್ ನನ್ನ ಮೊಣಕೈ ಚಿವುಟಿದಳು, ಹುಚ್ಚಾ ನಿಂಗೆ, ಎಲ್ಲ ಇದ್ದಾರೆ. ಇರಲಿ ಅಂದೆ. ಒಳಗೆ ಹೋಗಿ ಪೊಟ್ಟಣಗಳನ್ನೆಲ್ಲ ಬಾಚಿ ತಂದು ಚಾಪೆಯ ಮೇಲೆ ಸುರಿದೆ, ಕೇಕಿನ ಚೂರಿ ಕೊಡಹೋದೆ, ಅವಳು ಚೂರಿ ನೋಡಲೇ ಇಲ್ಲ, ನನ್ನ ಮುಖವನ್ನೇ ಒಮ್ಮೆ ನೋಡಿದಳು, ನಿಜವಾ ಎಂದು, ಆಮೇಲೆ ತಲೆ ತಗ್ಗಿಸಿ ಟೇಪಿಗೆ ಬಾಯಿ ಹಾಕಿದಳು, ಬಿದ್ದ ಹಲ್ಲಿನ ಪಕ್ಕದ ಹಲ್ಲಿನಿಂದ ಕಚ್ಚಿ ಎಳೆದಳು, ಪರ್ರನೆ ಹರಿಯಿತು ಬಂಗಾರದ ಕಾಗದ, ಟೇಪಿನ ಒಂದು ತುಣುಕು ಅವಳ ಕೆಳತುಟಿಗೆ ಅಂಟಿಕೊಂಡಿತು, ಅದರ ಜೊತೆ ಕಾಗದದ ಚೂರೂ. ಅಂಥ ಸದ್ದು ನಮ್ಮ ಮನೆಯಲ್ಲಿ ಅದೇ ಮೊದಲು.

ಒಳಗೆ ರೈಲು. ಹಳಿಯ ತುಂಡುಗಳು, ಕೆಂಪು ಇಂಜಿನ್ನು, ಮೂರು ಬೋಗಿ. ಮಸೂದಾರ ಪೊಟ್ಟಣದಲ್ಲಿ ರೈಲು, ಮಕ್ಕಳೆಲ್ಲ ಓ ಎಂದು ಮುಗಿಬಿದ್ದರು, ರಹ್ಮತ್ ಮುಂದಿನದಕ್ಕೆ ಬಾಯಿ ಹಾಕಿದಳು, ಅದರಲ್ಲಿ ಬಿಸಿನೀರಿನ ಫ್ಲಾಸ್ಕು. ಅದರ ಮುಂದಿನದು ಶರಬತ್ತಿನ ಗ್ಲಾಸುಗಳ ಸೆಟ್ಟು. ಆಮೇಲೆ ಹಾಸಿಗೆಯ ಚಾದರ, ಆಮೇಲೆ ಇನ್ನೊಂದು ಫ್ಲಾಸ್ಕು, ಆಮೇಲೆ ಉದ್ದದ ಟಾರ್ಚು ಮತ್ತು ನಾಲ್ಕು ಸೆಲ್ಲು, ಏಳು ವರ್ಷದ ಹುಡುಗಿಗೆ ಟಾರ್ಚು — ನನಗೆ ಅರ್ಥವಾಗಲು ಎರಡು ಗಳಿಗೆ ಬೇಕಾಯಿತು, ಒಬ್ಬಳೇ ಇಣುಕಿದಾಗೆಲ್ಲ ಊರಲ್ಲಿ ಯಾರಿಗೆ ಸರಿಹೋಗುತ್ತದೆ ಎಂದಷ್ಟೇ ನೋಡಿದವಳು ನಾನು, ಅವರೂ ತಿಳಿದವರೇ, ಪೊಟ್ಟಣ ಎಲ್ಲಿಗೆ ಹೋಗುತ್ತದೆಂದು ಗೊತ್ತಿದ್ದವರೇ, ನನ್ನ ಮಗಳಿಗೆಂದು ತಂದದ್ದಲ್ಲ ಅವು, ನನ್ನ ಅತ್ತೆಗೆ, ನಾದಿನಿಯರಿಗೆ ತಂದದ್ದು, ನಾನೂ ಕಳೆದ ತಿಂಗಳು ಫಾತಿಮತ್‌ಳ ಅಕ್ಕನ ಮಗನಿಗೆ ಕೊಟ್ಟದ್ದು ಆರು ಕುಪ್ಪಿ ಲೋಟ, ಗಾಜಿನದು. ಕೋಣೆ ತಣ್ಣಗಾಯಿತು, ಏಸಿಯಿಂದ ಅಲ್ಲ. ರಹ್ಮತ್ ಎರಡು ಕೈಯಲ್ಲಿ ಎರಡು ಫ್ಲಾಸ್ಕು ಹಿಡಿದು ಕೂತಿದ್ದಳು, ತುಟಿಯ ಮೇಲೆ ಆ ಟೇಪಿನ ತುಣುಕು, ಗಂಭೀರವಾಗಿ ಕೇಳಿದಳು, ಉಮ್ಮ, ಇದೂ ನಂದಾ. ಮೊದಲು ನಕ್ಕದ್ದು ಟಾರ್ಚು ತಂದ ಹೆಂಗಸೇ, ಬಾಯಿಗೆ ಸೆರಗು ಒತ್ತಿ, ತಡೆಯಲಾರದೆ, ಆಮೇಲೆ ಫಾತಿಮತ್, ಆಮೇಲೆ ಎಲ್ಲರೂ, ಗಂಡಸರ ಕೋಣೆಯ ಮಾತು ನಿಲ್ಲುವಷ್ಟು ಜೋರಾಗಿ.

ಮಸೂದಾ ಮಾತ್ರ ನಗಲಿಲ್ಲ, ಈಗ ಎದ್ದು ಹೋಗುತ್ತಾರೆ, ಇನ್ನು ಮುಂದೆ ನನ್ನನ್ನು ಯಾರ ಚಾಯಕ್ಕೂ ಕರೆಯುವುದಿಲ್ಲ — ಅವರು ಅಬಾಯಾ ಎತ್ತಿಕೊಂಡು ಮೊಣಕಾಲೂರಿ ಚಾಪೆಯ ಮೇಲೆ ಕೂತರು, ಹದಿನೆಂಟು ವರ್ಷ ಸೋಫಾ ಬಿಟ್ಟು ಕೆಳಗೆ ಕೂತವರಲ್ಲ, ಹಳಿಗೆ ಹಳಿ ಜೋಡಿಸತೊಡಗಿದರು, ತಲೆ ಎತ್ತದೆ ಹೇಳಿದರು, ನಾನು ಎಲ್ಲರ ಮಕ್ಕಳಿಗೂ ಆಟದ ಸಾಮಾನೇ ಕೊಡುದು ಸಫಿಯಾ, ನಿನ್ನ ಮಗಳಿಗೂ ಆವತ್ತು ಬೊಂಬೆ ಕೊಟ್ಟಿದ್ದೆ, ಒಂದು ಮಗು ಬಿಚ್ಚಿದ್ದು ನಾನು ಇವತ್ತಿನವರೆಗೆ ನೋಡಿಲ್ಲ. ಆ ಬೊಂಬೆ ಅವರದ್ದು. ಟಾರ್ಚಿನ ಪೊಟ್ಟಣದಿಂದ ಎರಡು ಸೆಲ್ಲು ತೆಗೆದು ಅವರ ಕೈಗಿಟ್ಟೆ, ರೈಲು ಹೊರಟಿತು, ಕೇಕಿನ ಮೇಜಿನ ಕಾಲು ಸುತ್ತಿ, ಫ್ಲಾಸ್ಕುಗಳ ನಡುವೆ, ಹೆಂಗಸರು ಕಾಲು ಮಡಚಿ ದಾರಿ ಬಿಟ್ಟರು, ನನಗೆ ಎದ್ದು ಕೂಗಬೇಕೆನಿಸಿತು, ಗೆದ್ದೆ, ನಾನು ಗೆದ್ದೆ, ಯಾರ ಮೇಲೆ ಎಂದು ಕೇಳಿದರೆ ನನ್ನ ಮೇಲೆಯೇ, ಬ್ಲೇಡು ಹಿಡಿದು ಕೂರುತ್ತಿದ್ದ ಆ ಹೆಂಗಸಿನ ಮೇಲೆ. ಇಂಥ ಖುಷಿ ನನಗೆ ಈ ದೇಶದಲ್ಲಿ ಆಗಿರಲೇ ಇಲ್ಲ.

ಪರದೆಯ ಆಚೆಯಿಂದ ಇವರ ಕೆಮ್ಮು, ಸಫಿಯಾ, ಎಂತ ಗಲಾಟೆ. ಹೋದೆ, ಪರದೆಯನ್ನು ಒಂದು ಗೇಣು ಸರಿಸಿದೆ, ಇವರು ನನ್ನ ಹೆಗಲ ಮೇಲಿಂದ ನೋಡಿದರು, ಕಾಗದದ ರಾಶಿ, ಬಾಯಿ ತೆರೆದ ಡಬ್ಬಿಗಳು, ಎಲ್ಲ ಬಿಚ್ಚಿದ್ಯಾ ಅಂದರು, ಹೌದು, ಎಲ್ಲ ಅಂದೆ, ಮತ್ತೆ ಊರಿಗೆ ಎಂತ ಕೊಂಡೋಗುದು. ಫ್ಲಾಸ್ಕು ಉಂಟು, ಚಾದರ ಉಂಟು, ಅದೆಲ್ಲ ಅವರಿಗೇ ಅಂದೆ, ರೈಲು ಕೊಡುದಿಲ್ಲ. ಅದು ಸಾಕಾಗ್ತದಾ, ಉಮ್ಮ ಮಕ್ಕಳಿಗೆಲ್ಲ ಹೇಳಿಟ್ಟಿರ್ತಾರೆ. ಸಾಕಾಗದಿದ್ದರೆ ಮಗಳನ್ನು ಕೊಂಡೋಗುವ ಅಂದೆ, ನಗುವ ಮಗಳನ್ನು, ಹೋದ ಸಲ ಗೋಡೆಗೆ ಒರಗಿಸಿ ನಿಲ್ಲಿಸಿದ್ವಲ್ಲ, ಅವಳನ್ನಲ್ಲ. ರಹ್ಮತ್ ಓಡಿ ಬಂದು ಪರದೆಯ ಸಂದಿಗೆ ಮುಖ ತೂರಿಸಿದಳು, ಉಪ್ಪ, ರೈಲು ನಂದು, ಊರಿಗೆ ಅಲ್ಲ. ಇವರು ಅವಳನ್ನೇ ನೋಡಿದರು, ಹಾಗಾದ್ರೆ ಇನ್ನೊಂದು ಕಾಗದ ಬರೀಬೇಕು ಅಂದರು, ಮೆಲ್ಲಗೆ, ನಾಳೆಯೇ ಬರೀಬೇಕು, ಎಂದು ಹೇಳಿ ಅವಳ ಗಲ್ಲ ತಟ್ಟಿದರು — ಬರೆಯಲಿ, ಏನೆಂದು ಬರೆಯುತ್ತಾರೆ, ಅತ್ತೆ ಎರಡು ದಿನ ಊಟ ಬಿಟ್ಟಾರು, ನಫೀಸತ್ ಮುಖ ತಿರುಗಿಸಿಯಾಳು, ತಿರುಗಿಸಲಿ, ನಾನು ಹೋಗಿ ಆ ಗಾಜಿನ ಕಪಾಟಿನ ಬಾಗಿಲು, ಇಲ್ಲ, ಅದು ಅವಳ ಮನೆ, ಆದರೂ ಕೇಳುತ್ತೇನೆ, ಒಂದು ಸಲ ಹೊರಗೆ ತೆಗಿ ನಫೀಸತ್, ಮಕ್ಕಳು ಮಲಗಿಸಲಿ ಅದನ್ನು, ಎಂದು, ಈಗ ಕೇಕು, ಕೇಕು ಕತ್ತರಿಸಲೇ ಇಲ್ಲವಲ್ಲ, ಚೂರಿ ಎಲ್ಲಿಟ್ಟೆ, ರಹ್ಮತ್ ಬಾ, ಅವಳು ಬರುವುದಿಲ್ಲ, ರೈಲಿನ ಪಕ್ಕ ಹೊಟ್ಟೆ ಮೇಲೆ ಮಲಗಿದ್ದಾಳೆ, ಕೆಳತುಟಿಗೆ ಆ ತುಣುಕು, ಹಲ್ಲಿನ ಗುರುತಿರುವ ತುಣುಕು, ಉಸಿರು ಬಿಟ್ಟಾಗೊಮ್ಮೆ ಬಂಗಾರದ ಚೂರು ಏಳುತ್ತದೆ, ಬೀಳುತ್ತದೆ, ಅವಳು ತೆಗೆಯುವುದಿಲ್ಲ, ನಾನೂ ತೆಗೆಯುವುದಿಲ್ಲ, ಏಳುತ್ತದೆ, ಅವಳ ತುಟಿಯ ಮೇಲೆ, ಬಂಗಾರದ ಚೂರು