ಮಾಗಣಿ

"ಗ್ವಾಡಿಗೆ ಆತು ನಿಂದರಬ್ಯಾಡಲೇ!"

ರಸ್ತೆಯ ಈಚೆ ಬೇವಿನ ಮರದ ಬುಡದಲ್ಲಿ ಕೂತಿದ್ದ ಸೋಮನಿಂಗಪ್ಪ ಕೂಗಿದ. ಆಚೆ, ಜತ್ತದ ತಾಲೂಕು ಕಚೇರಿಯ ಬಾಗಿಲೆದುರು ನಿಂತಿದ್ದ ಅವನ ಮಗ ಅಣ್ಣಾರಾಯ ಗೋಡೆಯಿಂದ ಬೆನ್ನು ಬಿಡಿಸಿಕೊಂಡು ಮತ್ತೆ ನೆಟ್ಟಗಾದ. ಚೈತ್ರದ ನಡುಹಗಲು. ಕಚೇರಿಯ ಮುಂದೆ ನೆರಳೆಂಬುದು ಗೋಡೆಯ ಬುಡದಲ್ಲಿ ಒಂದು ಗೇಣಿನಷ್ಟು ಇತ್ತು. ಅದರೊಳಗೂ ಹೋಗಕೂಡದೆಂದು ತಂದೆಯ ಕಟ್ಟಪ್ಪಣೆ. ಒಗೆದ ಧೋತರ, ಒಗೆದ ಅಂಗಿ, ತಲೆಯ ಮೇಲೆ ಬಿಳಿಯ ಟೋಪಿ. ಇಪ್ಪತ್ತನಾಲ್ಕು ವರ್ಷದ ಗಂಡಸು, ಮ್ಯಾಟ್ರಿಕ್ ಪಾಸಾದವನು, ನಿನ್ನೆ ಬೆಳಿಗ್ಗೆಯಿಂದ ಹಾಗೇ ನಿಂತಿದ್ದ.

"ಯಜಮಾನ್ರ, ತಂತಿಕಂಬ ನಟ್ಟಂಗ ನಟ್ಟೀರಲ್ರಿ ಮಗನ್ನ," ಎಂದ ಮರದ ಆ ಮಗ್ಗುಲಲ್ಲಿ ಸೈಕಲ್ ದುರಸ್ತಿ ಮಾಡುತ್ತಿದ್ದ ಶಿದ್ರಾಯ. "ತಂತಿ ಯಾವಾಗ ಎಳೀತೀರಿ?"

"ನಿನಗ ತಿಳಿಯೂದಿಲ್ಲ. ನೀ ಗಾಳಿ ಹಾಕು."

"ಗಾಳಿ ನೀವಽ ಹಾಕಾಕತ್ತೀರಲ್ರಿ ನಿನ್ನಿಂದ."

ಸೋಮನಿಂಗಪ್ಪ ರುಮಾಲು ಸರಿಪಡಿಸಿಕೊಂಡು ಮತ್ತೆ ಮಗನ ಕಡೆ ತಿರುಗಿದ. ನಿಂತರೆ ಸಿಗುತ್ತದೆ, ಅವನ ಬದುಕೆಲ್ಲ ಈ ಒಂದು ನಂಬಿಕೆಯ ಮೇಲೆ ಕಟ್ಟಿದ್ದು. ನಲವತ್ತು ವರ್ಷದ ಹಿಂದೆ, ಜತ್ತ ಸಂಸ್ಥಾನವಾಗಿದ್ದಾಗ, ಎರಡನೇ ಇಯತ್ತೆ ಕಲಿತ ಹತ್ತೊಂಬತ್ತರ ಹುಡುಗ ಕುಣಿಕೋಣೂರಿನಿಂದ ನಡೆದು ಬಂದು ಅರಸರ ವಾಡೆಯ ಬಾಗಿಲಲ್ಲಿ ಮೂರು ದಿನ ನಿಂತಿದ್ದ. ಯಾರನ್ನೂ ಏನೂ ಕೇಳಲಿಲ್ಲ. ಕಾವಲಿನವರು ಗದರಿದರೂ ಬಾಯಿ ಬಿಡಲಿಲ್ಲ. ಮೂರನೆಯ ದಿನ ಕಾರಭಾರಿ ಸಾಹೇಬರು ಕುದುರೆಗಾಡಿ ನಿಲ್ಲಿಸಿ, "ತುಝಿ ಮಾಗಣಿ ಕಾಯ ರೆ?" ಎಂದು ಕೇಳಿದರು. ನಿನಗೇನು ಬೇಕಪ್ಪಾ ಎಂದು. ಮಾಗಣಿ ಎಂದರೆ ದೊಡ್ಡವರ ಎದುರು ಸೆರಗೊಡ್ಡಿ ಕೇಳಿಕೊಳ್ಳುವ ಮಾತು. ಹುಡುಗ ಕೇಳಿಕೊಂಡ. ಅದೇ ವಾರ ಅಸಂಗಿಯ ಸುಂಕದ ನಾಕೆಯಲ್ಲಿ ಕೆಲಸ ಕೊಟ್ಟರು. ಸಂಸ್ಥಾನ ಮುಳುಗಿ ನಾಕೆ ಕಿತ್ತುಹಾಕುವ ತನಕ ಮೂವತ್ತು ವರ್ಷ ಅವನು ನಾಕೆಯ ಸೋಮನಿಂಗಪ್ಪನೇ ಆಗಿದ್ದ. ಈಗಲೂ ಊರಲ್ಲಿ ಹಾಗೆಯೇ ಕರೆಯುತ್ತಿದ್ದರು.

ಮಗನ ಪಾಡು ಬೇರೆ. ಅಣ್ಣಾರಾಯ ವಿಜಾಪುರದಲ್ಲಿ ಕನ್ನಡದಲ್ಲಿ ಓದಿದವನು. ಒಂದೂವರೆ ವರ್ಷದ ಹಿಂದೆ ವಿಜಾಪುರ ಮೈಸೂರು ರಾಜ್ಯಕ್ಕೆ ಹೋಯಿತು, ಜತ್ತ ಮುಂಬೈ ರಾಜ್ಯದಲ್ಲಿ ಉಳಿಯಿತು. ಅಲ್ಲಿ ಅರ್ಜಿ ಹಾಕಿದರೆ ನೀನು ಆಚೆಯವನು ಎಂದರು. ಇಲ್ಲಿ ಹಾಕಿದರೆ ನೀನು ಕನ್ನಡ ಸಾಲೆಯವನು ಎಂದರು. ಅವನು ಹಟ ಹಿಡಿದು ಮರಾಠಿ ಪರೀಕ್ಷೆಗೂ ಕೂತು ಪಾಸಾದ. ಊರ ಲೆಕ್ಕ ಬರೆಯುವ ತಲಾಠಿ ಕೆಲಸದ ಯಾದಿಯಲ್ಲಿ ಅವನ ಹೆಸರು ನಾಲ್ಕನೆಯದಾಗಿ ಸೇರಿತು. ಜಾಗ ತೆರವಾದಂತೆ ಒಬ್ಬೊಬ್ಬರನ್ನೇ ಕರೆಯುತ್ತಾರೆ, ಕಾಯಬೇಕು. ಕಾಯುತ್ತ ಎಂಟು ತಿಂಗಳಾಗಿತ್ತು.

ಅಷ್ಟರಲ್ಲಿ ಅವನ ಹೆಂಡತಿ ಇಂದ್ರಾಬಾಯಿ ಅಸಂಗಿಯ ತವರಿನಲ್ಲಿ ಹಡೆದಿದ್ದಳು. ಹೆಣ್ಣು ಕೂಸು. ಆರು ತಿಂಗಳಾದರೂ ಮಾವ ಮಲಕಾಜಪ್ಪ ಮಗಳನ್ನು ಕಳಿಸಿರಲಿಲ್ಲ. "ನೌಕರಿ ಆದ ದಿನಾ ಗಾಡಿ ತಗೊಂಡು ಬರ್ರಿ, ಕೂಸಿನ ತೊಟ್ಟಲಾ ಸಹಿತ ಹೇರಿಕೊಡತೀನಿ" ಎಂದು ಹೇಳಿ ಕಳಿಸಿದ್ದ. ಅಣ್ಣಾರಾಯ ಮಗಳ ಮುಖ ನೋಡಿದ್ದು ಎರಡೇ ಸಲ.

ಹೋದ ವಾರ ಮನೆಯಲ್ಲಿ ಜಗಳವಾಯಿತು. ಸಡಕಿನ ಕೆಲಸಕ್ಕೆ ಜಲ್ಲಿ ಒಡೆಯಲು ಆಳು ಬೇಕಾಗಿದ್ದರು. ಹೋಗುತ್ತೇನೆ ಎಂದು ಅಣ್ಣಾರಾಯ ಹೊರಟು ನಿಂತ.

"ನಾಕೆದ ಸೋಮನಿಂಗಪ್ಪನ ಮಗಾ ಕಲ್ಲ ಒಡೀತಾನು? ಮ್ಯಾಟ್ರಿಕ್ ಕಲಿಸಿದ್ದು ಅದಕಽ ಏನ?"

"ಮತ್ತ ಏನ ಮಾಡ್ಲಿ ಹೇಳ್ರಿ ಅಪ್ಪಾ?"

"ನೌಕರಿ ಹಿಡಿ. ನಿನ್ನ ವಯಾದಾಗ ನಾ ಐದು ವರ್ಷ ನೌಕರಿ ಮಾಡಿದ್ದೆ. ಏನ ಕಲತಿದ್ದೆ ನಾ? ಎರಡು ಇಯತ್ತೆ!"

"ಯಾದ್ಯಾಗ ಹೆಸರ ಐತ್ರಿ. ಕರೀತಾರ."

"ಯಾದಿ! ಯಾದಿ ಹಚಗೊಂಡು ರೊಟ್ಟಿ ತಿನ್ನತೀ ಏನಲೇ? ನಿಮಗೆಲ್ಲಾ ಕುಂತಲ್ಲೇ ಬರಬೇಕು. ಮಂದಿ ಮುಂದ ಹೋಗಿ ನಿಂದ್ರಾಕ ನಾಚಿಕಿ. ಹಂಗಾದ್ರ ಹೆಂಡರು ತವರಮನ್ಯಾಗಽ ಇರತಾರ."

ರೊಟ್ಟಿ ಬಡಿಯುತ್ತಿದ್ದ ತಾಯಿ ಸಂಗವ್ವನ ಕೈ ನಿಂತಿತು. ಅಣ್ಣಾರಾಯನ ಮುಖ ಕಪ್ಪಿಟ್ಟಿತು.

"ಆಗ ಕೇಳಾಕ ನೀವೊಬ್ಬರಽ ಇದ್ರಿ. ಈಗ ಆರು ಜಾಗಾಕ್ಕ ನೂರಾ ಎಂಬತ್ತು ಮಂದಿ ಅದೀವಿ. ಕೂಲಿ ಮಾಡತೀನಂದ್ರ ಮಾನಾ ಹೋಗತೈತಿ ಅಂತೀರಿ, ಕುಂತರ ಮೈಗಳ್ಳ ಅಂತೀರಿ. ನನಗ ಯಾವುದು ಬಿಟ್ಟೀರಿ ಹೇಳ್ರಿ?"

"ಬಾಯಿ ಭಾಳ ಕಲಸ್ಯಾರ ವಿಜಾಪುರದಾಗ."

ಕಡೆಗೆ ಸಂಗವ್ವನೇ ನಡುವೆ ಬಂದು ಒಂದು ಕರಾರು ಮಾಡಿಸಿದಳು. ತಂದೆ ಹೇಳಿದಂತೆ ಮೂರು ದಿನ ಹೋಗಿ ನಿಲ್ಲುವುದು. ನೌಕರಿ ಆದರೆ ಆಯಿತು. ಆಗದಿದ್ದರೆ ನಾಲ್ಕನೆಯ ದಿನ ಮಗ ಸಡಕಿನ ಕೆಲಸಕ್ಕೆ ಹೋಗುವುದು, ತಂದೆ ತುಟಿ ಬಿಚ್ಚಕೂಡದು. "ಮೂರು ದಿನಾ ಅಲ್ಲೇನು ತಮ್ಮಾ, ನಿಂತು ಬಾ. ಅವರ ಜೀವಕ್ಕೂ ಸಮಾಧಾನ ಆಗಲಿ" ಎಂದಳು. ಅವಳಿಗೆ ಮನೆಯೊಳಗಿನ ಜಗಳ ನಿಲ್ಲಬೇಕಾಗಿತ್ತು, ಅಷ್ಟೇ.

ಹಾಗೆ ತಂದೆ ಮಗ ಜತ್ತಕ್ಕೆ ಬಂದು ಮಠದ ಪಡಸಾಲೆಯಲ್ಲಿ ಮಲಗಿ ಎದ್ದು, ಒಬ್ಬ ಮರದ ಕೆಳಗೆ, ಇನ್ನೊಬ್ಬ ಬಿಸಿಲಿನಲ್ಲಿ. ಅಪ್ಪಣೆಗಳು ಮೂರು. ಆತು ನಿಲ್ಲಬಾರದು, ನೀರು ಕೇಳಬಾರದು, ದೊಡ್ಡವರಾಗಿ ಬಂದು ಕೇಳುವ ತನಕ ಬಾಯಿ ಬಿಡಬಾರದು.

ಆ ದಿನ ಸಂಜೆ ಕಚೇರಿಯ ಸಿಪಾಯಿ ವಿಠೋಬ ರಸ್ತೆ ದಾಟಿ ಮರದ ಕೆಳಗೆ ಬಂದ. ಸಂಸ್ಥಾನದ ಕಾಲದಿಂದ ಸೋಮನಿಂಗಪ್ಪನ ಗುರುತಿನವನು.

"ಏ ಸೋಮನಿಂಗಪ್ಪಾ, ಏನ ನಡಿಸೀಯೋ ಇದು? ಒಳಗ ಮಂದಿ ಕೇಳಾಕತ್ತಾರ ನನ್ನ."

"ಕೇಳಲಿ. ಕೇಳಬೇಕಂತಽ ನಿಂತಾನ."

"ಅದು ಆ ಕಾಲಾ ಅಲ್ಲಪ. ಹೋದ ತಿಂಗಳಷ್ಟಽ ಗಡಿ ಸಂಬಂಧ ಗದ್ದಲ ಆಗೇತಿ. ಈ ಊರು ಅಲ್ಲಿ ಹೋಗಬೇಕು ಇಲ್ಲಿ ಇರಬೇಕು ಅಂತ ಯಾರೋ ಗ್ವಾಡಿಗೆ ಕಾಗದಾ ಹಚ್ಚಿ ಹೋಗ್ಯಾರ. ನಾಕ ಮಂದಿ ಒಂದ ಕಡೆ ನಿಂತ್ರ ಫೌಜದಾರನ ಕಿವಿ ನಿಗರತಾವು. ನಿನ್ನ ಮಗನ ಹೆಸರ ಯಾದ್ಯಾಗ ಮ್ಯಾಲ ಐತಿ. ಶ್ರಾವಣದೊಳಗ ಬಂದ ಬಿಡತೈತಿ ಆದೇಶ. ಸುಮ್ಮ ಮನಿಗಿ ಕರಕೊಂಡ ಹೋಗ."

ಸೋಮನಿಂಗಪ್ಪ ವಿಠೋಬನನ್ನು ಮೇಲಿಂದ ಕೆಳಗೆ ನೋಡಿದ. ಇವನ ಮಗ ಎಲ್ಲಿಯೂ ನೌಕರಿಯಲ್ಲಿಲ್ಲ, ಅದಕ್ಕೇ ಹೊಟ್ಟೆಯುರಿ, ಎಂದುಕೊಂಡ.

"ಇನ್ನೊಂದ ದಿನಾ ಐತಿ, ವಿಠೋಬಾ. ಮೂರನೇ ದಿನಾನಽ ಕೇಳೂದು."

ವಿಠೋಬ ಹಣೆ ಬಡಿದುಕೊಂಡು ಹೋದ. ಬಿಸಿಲಿನಿಂದ ಬಂದ ಅಣ್ಣಾರಾಯನಿಗೆ ತಂದೆ ಈ ಮಾತು ಹೇಳಲಿಲ್ಲ.

ಮೂರನೆಯ ದಿನ ಹನ್ನೊಂದರ ಹೊತ್ತಿಗೆ ಫೌಜದಾರ ಬಂದ. ದೂರದ ಊರಿನಿಂದ ವರ್ಗವಾಗಿ ಬಂದ ಎಳೆಯ ವಯಸ್ಸಿನ ಮನುಷ್ಯ, ಹಿಂದೆ ಇಬ್ಬರು ಪೋಲೀಸರು. ಅಣ್ಣಾರಾಯನ ಎದುರಿಗೆ ನಿಂತು ಬಿಳಿಯ ಟೋಪಿಯಿಂದ ಕಾಲಿನವರೆಗೆ ನೋಡಿದ. ನಿನ್ನ ಹೆಸರೇನು ಎಂದ. ಅಣ್ಣಾರಾಯ ಮಾತಾಡಲಿಲ್ಲ. ಯಾರು ಕಳಿಸಿದ್ದು ಎಂದ. ಮಾತಾಡಲಿಲ್ಲ. ದೊಡ್ಡವರು ಎಂದರೆ ಇವರೋ ಅಲ್ಲವೋ ತಿಳಿಯದೆ ರಸ್ತೆಯ ಈಚೆ ತಂದೆಯ ಕಡೆಗೆ ನೋಡಿದ. ಫೌಜದಾರನೂ ಅತ್ತ ನೋಡಿದ.

ಸೋಮನಿಂಗಪ್ಪ ಆಗಲೇ ಎದ್ದಿದ್ದ. ಧೋತರ ಎತ್ತಿಕೊಂಡು ಓಡುತ್ತ ರಸ್ತೆ ದಾಟಿದ.

"ಇವ ನಿನ್ನ ಮನುಷ್ಯ ಏನು?" ಎಂದು ಫೌಜದಾರ ಮರಾಠಿಯಲ್ಲಿ ಕೇಳಿದ.

"ಹೌದ್ರಿ ಸಾಹೇಬ್ರ. ನಾನಽ ನಿಂದ್ರಿಸೀನ್ರಿ."

"ತುಝಿ ಮಾಗಣಿ ಕಾಯ?"

ಸೋಮನಿಂಗಪ್ಪನ ಮೈ ಜುಮ್ಮೆಂದಿತು. ಅದೇ ಮಾತು. ನಲವತ್ತು ವರ್ಷದ ಮೇಲೆ, ಮೂರನೆಯ ದಿನ, ಅದೇ ಮೂರು ಶಬ್ದ. ಅವನು ಮಗನ ಕಡೆ ನೋಡಿದ ನೋಟದಲ್ಲಿ ಎಂಟು ತಿಂಗಳ ಜಗಳದ ಗೆಲುವು ಇತ್ತು. ಈ ಕಾಲದಲ್ಲಿ ಮೆರವಣಿಗೆಯವರು ಕೂಗುವ ಬೇಡಿಕೆಗೂ ಅದೇ ಹೆಸರಿದೆ ಎಂಬುದು ಅವನ ಕಿವಿಗೆ ಬಿದ್ದಿರಲಿಲ್ಲ. ಬಿದ್ದಿದ್ದರೂ ನಂಬುತ್ತಿರಲಿಲ್ಲ.

"ಮಾಗಣಿ ಐತ್ರಿ ಸಾಹೇಬ್ರ!" ಎಂದು ಅವನು ಎರಡೂ ಕೈ ಜೋಡಿಸಿ, ರಸ್ತೆಗೆಲ್ಲ ಕೇಳುವಂತೆ, ತನಗೆ ಬಂದಷ್ಟು ಮರಾಠಿಯಲ್ಲಿ ಹೇಳಿದ. "ಮಾಗಣಿ ಪೂರಾ ಆಗೂತನಕಾ ಇವ ಈ ಬಾಗಲಾ ಬಿಟ್ಟು ಕದಲೂದಿಲ್ರಿ. ಸತ್ತರೂ ಕದಲೂದಿಲ್ಲ!"

ಫೌಜದಾರನ ಹುಬ್ಬು ಕೂಡಿತು.

"ಯಾವ ಪಕ್ಷ?"

"ಪಕ್ಷ ಭಾದ್ರಪದದಾಗ ಬರತೈತ್ರಿ."

ಶಿದ್ರಾಯನ ಸುತ್ತ ನೆರೆದಿದ್ದವರು ಗೊಳ್ಳೆಂದು ನಕ್ಕರು. ಆ ನಗೆಯೇ ಕೆಲಸ ಕೆಡಿಸಿತು. ಮುದುಕ ತನ್ನನ್ನು ನಡುಬೀದಿಯಲ್ಲಿ ಚೇಷ್ಟೆ ಮಾಡುತ್ತಿದ್ದಾನೆಂದು ಫೌಜದಾರನಿಗೆ ಕಿಡಿ ಹತ್ತಿತು. ಅವನು ಕೈ ಬೀಸಿದ. ಅಣ್ಣಾರಾಯನ ಟೋಪಿ ಮಣ್ಣಿಗೆ ಬಿತ್ತು. ಪೋಲೀಸರು ಎರಡೂ ತೋಳು ಹಿಡಿದರು.

ಆಗ ಅಣ್ಣಾರಾಯ ಬಾಯಿ ಬಿಟ್ಟ. "ಸಾಹೇಬ್ರ, ನಾ ನೌಕರಿ ಸಂಬಂಧ ನಿಂತೀನ್ರಿ. ನನ್ನ ಹೆಸರು ತಲಾಠಿ ಯಾದ್ಯಾಗ ಐತ್ರಿ."

"ಹಂಗೇನು? ಸರಕಾರಿ ನೌಕರಿ ಬೇಕು, ಸರಕಾರದ ಬಾಗಲದಾಗ ಧರಣಿನೂ ಬೇಕು," ಎಂದ ಫೌಜದಾರ. ಯಾದಿಯ ಮಾತನ್ನು ಅವನು ತನ್ನ ಸಣ್ಣ ಪುಸ್ತಕದಲ್ಲಿ ಬರೆದುಕೊಂಡ.

ಮುದುಕನನ್ನು ಅವರು ಹಿಡಿಯಲಿಲ್ಲ. ಹುಚ್ಚ ಎಂದು ತಳ್ಳಿ ಹೋದರು.

ಆ ರಾತ್ರಿ ಮತ್ತು ಮರುದಿನವೆಲ್ಲ ಸೋಮನಿಂಗಪ್ಪ ಚೌಕಿಯ ಮುಂದೆ ಕೂತಿದ್ದ. ಒಳಗಿದ್ದವರಿಗೆಲ್ಲ ಹೇಳಿದ. ಮಾಗಣಿ ಅಂದದ್ದು ಅದಕ್ಕಲ್ಲ, ನಾ ಸಂಸ್ಥಾನದ ಮನುಷ್ಯ, ನಾಕೆದಾಗ ಇದ್ದಾವ. ಒಬ್ಬ ಪೋಲೀಸ ಹೌದು ಹೌದು ಎಂದ. ಇನ್ನೊಬ್ಬ ಎದ್ದುಹೋಗು ಎಂದ. ಮಧ್ಯಾಹ್ನದ ಹೊತ್ತಿಗೆ ವಿಠೋಬ ಬಂದು ಪಕ್ಕದಲ್ಲಿ ಕುಕ್ಕರಿಸಿದ.

"ಕಾಗದ ಬಂತಪ ಒಳಗ. ಧರಣಿ ಮಾಡಾಂವ ಅಂತ ಪೋಲೀಸರ ಶೆರಾ ಬಿತ್ತು. ಯಾದ್ಯಾಗಿಂದ ಹೆಸರ ತಗದ್ರು."

"ಮತ್ತ ಹಾಕೂದಿಲ್ಲನು?"

"ಇಲ್ಲ."

"ನಾ ಹೋಗಿ ಸಾಹೇಬರ ಕಾಲ ಹಿಡಕೊಂಡ್ರ?"

"ನೀ ಏನೂ ಮಾಡಬ್ಯಾಡೋ ಮಾರಾಯಾ," ಎಂದ ವಿಠೋಬ. "ನಿನ್ನ ಕೈ ಮುಗೀತೀನಿ. ನೀ ಏನೂ ಮಾಡಬ್ಯಾಡ."

ಅಣ್ಣಾರಾಯನನ್ನು ಬಿಟ್ಟಾಗ ಸಂಜೆಯಾಗುತ್ತಿತ್ತು. ಬಸ್ಸು ಹೋಗಿತ್ತು. ಇಬ್ಬರೂ ಊರ ದಾರಿ ಹಿಡಿದು ನಡೆದರು. ಹೆಸರು ತೆಗೆದ ಸುದ್ದಿ ಅಣ್ಣಾರಾಯನಿಗೆ ಒಳಗೇ ತಿಳಿದಿತ್ತು. ಮಗ ಬೈಯುತ್ತಾನೆಂದು ಸೋಮನಿಂಗಪ್ಪ ಕಾದ. ಊರ ಹೊರಗಿನ ಹಳ್ಳ ದಾಟಿತು, ಮಗ ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಾಗಿತ್ತು.

"ಹೊಡದ್ರೇನು?"

"ಇಲ್ಲ."

"ಉಂಡೀಯೇನು?"

"ಹೂಂ."

ಇನ್ನಷ್ಟು ದೂರ ನಡೆದ ಮೇಲೆ ಅಣ್ಣಾರಾಯನೇ ಅಂದ, "ನಾಳಿಗಿ ಅಸಂಗಿಗಿ ಹೋಗಿ ಬರತೀನಿ."

"ಏನಂತ ಹೇಳತೀ?"

"ಕಲ್ಲ ಒಡಿಯಾವನ ಮನಿಗಿ ಬರೂದಾದ್ರ ಬಾ ಅಂತ."

"ಮಲಕಾಜಪ್ಪ ಕಳಸೂದಿಲ್ಲಲೇ."

"ಕಳಸೂದಿಲ್ಲ."

"ವಿಠೋಬಗ ಅವತ್ತಽ ಗೊತ್ತಿತ್ತು," ಎಂದು ಸೋಮನಿಂಗಪ್ಪ ಇದ್ದಕ್ಕಿದ್ದಂತೆ ಹೇಳಿದ. ಹೇಳದೆ ಇರಲು ಆಗಲಿಲ್ಲ. "ಎರಡನೇ ದಿನಾ ಬಂದು ಹೇಳಿದ್ದ ನನಗ. ಕರಕೊಂಡ ಹೋಗ ಅಂತ."

ಅಣ್ಣಾರಾಯನ ಹೆಜ್ಜೆ ಒಂದು ಗಳಿಗೆ ನಿಂತಿತು. ತಿರುಗಿ ನೋಡಲಿಲ್ಲ. ಮತ್ತೆ ನಡೆದ.

ಹೊತ್ತು ಬೆನ್ನ ಹಿಂದೆ ಇಳಿದಿತ್ತು, ಆದರೂ ಚುರುಗುಟ್ಟುತ್ತಿತ್ತು. ಮಗನ ತಲೆಯ ಮೇಲೆ ಟೋಪಿ ಇರಲಿಲ್ಲ. ಅಂಗಿಯ ಕಾಲರಿನ ಮೇಲೆ, ಕೂದಲು ಮುಗಿಯುವಲ್ಲಿ, ಕತ್ತಿನ ಚರ್ಮ ಮೂರು ದಿನದ ಬಿಸಿಲಿಗೆ ಬೊಬ್ಬೆಯೆದ್ದು ಒಡೆದು, ಹಸಿಯಾಗಿ ಕೆಂಪಗಾಗಿದ್ದುದನ್ನು ಸೋಮನಿಂಗಪ್ಪ ಆಗ ನೋಡಿದ. ಮೂರು ದಿನವೂ ಅವನು ಮಗನನ್ನು ಮುಂದಿನಿಂದಲೇ ನೋಡಿದ್ದ.

ಅವನು ಬೇಗ ಬೇಗ ಹೆಜ್ಜೆ ಹಾಕಿ ಮಗನ ಬೆನ್ನಿಗೆ ಹತ್ತಿರವಾದ. ತೀರ ಹತ್ತಿರ ನಡೆದರೆ ಅವನ ರುಮಾಲಿನ ನೆರಳು ಸರಿಯಾಗಿ ಆ ಕತ್ತಿನ ಮೇಲೆ ಬೀಳುತ್ತಿತ್ತು. ಅಷ್ಟು ಅಂತರ ಕಾಯ್ದುಕೊಂಡು, ಏದುಸಿರು ಕೇಳಿಸದಂತೆ ಬಾಯಿ ಮುಚ್ಚಿಕೊಂಡು, ಸ್ವಲ್ಪ ದೂರ ನಡೆದ.

ಹಿಂದೆ ಇಷ್ಟು ಸಮೀಪ ಹೆಜ್ಜೆಯ ಸಪ್ಪಳ ಕೇಳಿ ಅಣ್ಣಾರಾಯ ಹೆಜ್ಜೆ ಬಿರುಸು ಮಾಡಿದ. ನೆರಳು ಅವನ ಕತ್ತಿನಿಂದ ಬೆನ್ನಿಗೆ ಇಳಿಯಿತು, ಬೆನ್ನಿನಿಂದ ಹಿಮ್ಮಡಿಗೆ ಇಳಿಯಿತು, ಆಮೇಲೆ ದಾರಿಯ ಹುಡಿಯ ಮೇಲೆ ಬಿತ್ತು.