ಎರ್ಮೀನಿಯೊ ಮನೆಯ ಬಾಗು

ಎದ್ದು ಹೋಗಬೇಡಿ, ಇದೊಂದನ್ನು ಪೂರ್ತಿ ಕೇಳಿಬಿಡಿ. ಶವದ ಪೆಟ್ಟಿಗೆ ಪ್ಯಾಸೇಜಿನ ಅರ್ಧದಲ್ಲಿ ಸಿಕ್ಕಿಕೊಂಡಿತ್ತು.

"ನೇರ ಹೋಗೋ ಗಿಲ್!" ಹಿಂದಿನಿಂದ ತಂಗಿ ಲೂರ್ದೆಸ್ ಕೂಗಿದಳು.

"ನೇರಾನೇ ಹೋಗ್ತಿದೀನಿ ಕಣೇ! ನೀನ್ಯಾಕೆ ಬಲಕ್ಕೆ ತಳ್ತೀಯ?"

"ನಾನೆಲ್ಲಿ ತಳ್ದೆ? ನಾನೂ ನೇರಾನೇ ಬರ್ತಿದೀನಿ."

"ಇಬ್ರೂ ನೇರ ಇದ್ರೆ ಇನ್ನು ಎರ್ಮೀನಿಯೊನೇ ಸೊಟ್ಟ ಇರ್ಬೇಕು," ಎಂದ ಪಕ್ಕದ ಮನೆಯ ಸೆರಾಫಿಂ. ಲೂರ್ದೆಸ್ ಜೊತೆಗೆ ಹಿಂದಿನ ಹಿಡಿ ಹಿಡಿದಿದ್ದವನು ಅವನು. "ಬದುಕಿದ್ದಾಗಲೂ ಹಾಗೇ ಇದ್ದ, ಬಿಡು."

ಪೆಟ್ಟಿಗೆಯ ಮುಂದಿನ ಮೂಲೆ ಎಡಗಡೆಯ ಹಲಗೆ ಗೋಡೆಗೆ ಒತ್ತಿತ್ತು, ಹಿಂದಿನ ಮೂಲೆ ಬಲಗಡೆಗೆ. ಗಿಲ್ ಜೊತೆ ಮುಂದೆ ಹಿಡಿದಿದ್ದವನು ಟರ್ಲಾಕ್ ಊರಿನಿಂದ ಬಂದಿದ್ದ ಚಿಕ್ಕಪ್ಪನ ಮಗ. ಅವನು ಬೆವರು ಒರೆಸಿಕೊಂಡು, "ನಿನ್ನೆ ಒಳಗೆ ಹೇಗೆ ತಂದ್ರಿ ಇದನ್ನ?" ಎಂದು ಕೇಳಿದ.

"ಖಾಲಿ ಇತ್ತಲ್ಲ, ನಿಲ್ಲಿಸ್ಕೊಂಡು ತಂದ್ರು," ಎಂದಳು ಲೂರ್ದೆಸ್.

"ಹಂಗಾದ್ರೆ ಈಗ್ಲೂ..."

"ಬಾಯ್ಮುಚ್ಚು! ಅಪ್ಪನ್ನ ನಿಲ್ಲಿಸ್ಕೊಂಡು ಕರ್ಕೊಂಡು ಹೋಗೋದಾ?"

ಪೆಟ್ಟಿಗೆಯನ್ನು ಹಿಂದಕ್ಕೆ ಎಳೆದು ಮತ್ತೆ ಹಿಂದಿನ ಕೋಣೆಯ ಎರಡು ಬೆಂಚುಗಳ ಮೇಲೆ ಇಟ್ಟರು. ಗಿಲ್ ಹಿಡಿ ಮಾತ್ರ ಬಿಡಲಿಲ್ಲ. ಅಪ್ಪ ಹಾಸಿಗೆ ಹಿಡಿದಾಗ ಅವನು ಬಂದಿರಲಿಲ್ಲ. ಕೊನೆಯ ಉಸಿರಿಗೂ ಬಂದಿರಲಿಲ್ಲ. ಅಪ್ಪನಿಗಾಗಿ ಮಾಡಲು ಅವನಿಗೆ ಉಳಿದಿದ್ದದ್ದು ಇದೊಂದೇ: ಹಿರಿಮಗ ಮುಂದಿನ ಹಿಡಿ ಹಿಡಿದು, ಕಾಲು ಮುಂದಾಗಿ, ಮುಂಬಾಗಿಲಿನಿಂದ ಅಪ್ಪನನ್ನು ಹೊರಗೆ ಒಯ್ಯಬೇಕು. ಕಡಲಾಚೆಯ ದ್ವೀಪಗಳಿಂದ ಇಲ್ಲಿಗೆ ಬಂದು ನೆಲೆಸಿದ ಪೋರ್ಚುಗೀಸರ ಮನೆಗಳಲ್ಲಿ ಅದು ಹಾಗೆಯೇ. ಅಡಿಗೆಮನೆಯ ಬಾಗಿಲಿನಿಂದ ಹೊರಗೆ ಹೋಗುವುದು ಕಸ ಮತ್ತು ಕೊಯ್ದ ಹಂದಿ.

ಅಡಿಗೆಮನೆಯಲ್ಲಿ ಸಿಹಿ ಬ್ರೆಡ್ಡು ಕೊಯ್ಯುತ್ತಿದ್ದ ಹೆಂಗಸರಿಗೆ ಇದಾವುದೂ ತಿಳಿದಿರಲಿಲ್ಲ. ಅಲ್ಲಿ ಬೇರೆಯದೇ ಜಗಳ ನಡೆದಿತ್ತು.

"ಕರಗ್ತಾ ಕರಗ್ತಾ ಹೋಗ್ಬಿಟ್ಟ, ಪಾಪ," ಎಂದಳು ಎರ್ಮೀನಿಯೊನ ತಂಗಿ ಒಲೀವಿಯಾ.

"ಕರಗೋಕೆ ಅವನೇನು ಬೆಣ್ಣೆಯಾ?" ಬಾಗಿಲಿಗೆ ಬಂದ ಸೆರಾಫಿಂ ಒಂದು ತುಂಡು ಬಾಯಿಗೆ ಹಾಕಿಕೊಂಡ. "ಸವೆದ ಅನ್ನು. ಗುದ್ದಲಿ ಸವೆಯುತ್ತಲ್ಲ, ಹಂಗೆ."

"ಪಾದ್ರಿಗಳು ಚರ್ಚಲ್ಲಿ ಸವೆದ ಅಂತ ಹೇಳ್ತಾರೇನು? ಬಾಡಿದ ಅನ್ನಬಹುದು. ಹೂವಿನ ಹಾಗೆ."

"ಎರ್ಮೀನಿಯೊ, ಹೂವು!" ಸೆರಾಫಿಂ ನಕ್ಕು ಕೆಮ್ಮಿದ. "ಕ್ಷೀಣಿಸಿದ ಅಂತಾರೆ ನೋಡು. ಸತ್ತವರಿಗೆಲ್ಲ ಅದೇ ಹೇಳೋದು ಅವ್ರು."

ವಿಧವೆ ದೆಯೊಲಿಂಡಾ ಚಾಕು ಕೆಳಗಿಟ್ಟಳು. "ಪೆಟ್ಟಿಗೆ ಇನ್ನೂ ಯಾಕೆ ಹೊರಗೆ ಹೋಗಿಲ್ಲ?"

*

ಹಾಲಿಸ್ಟರ್ ಊರಿನ ಅಡಿಯಲ್ಲಿ ಭೂಮಿಗೆ ಒಂದು ಬಿರುಕಿದೆ. ಆಚೆಯ ನೆಲ ಈಚೆಯ ನೆಲವನ್ನು ಉಜ್ಜಿಕೊಂಡು, ಸದ್ದಿಲ್ಲದೆ, ಬಲಕ್ಕೆ ಹೋಗುತ್ತಲೇ ಇರುತ್ತದೆ. ಕಾಲುದಾರಿಯ ಅಂಚುಕಲ್ಲು ಸೊಟ್ಟಗಾಗುತ್ತದೆ, ಬೇಲಿ ಬಾಗುತ್ತದೆ. ಜನ ಬೈದುಕೊಂಡು ಸಿಮೆಂಟು ಹಚ್ಚುತ್ತಾರೆ. ಎರ್ಮೀನಿಯೊನ ಮನೆಯ ಹಿಂಭಾಗ ಬಿರುಕಿನ ಈಚೆ, ಮುಂಬಾಗಿಲು ಆಚೆ. ನಡುವಿನ ಪ್ಯಾಸೇಜಿನ ಅಡಿಯಲ್ಲೇ ಬಿರುಕು.

ಗಿಲ್ ಇನ್ನೂ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ, ವಿಶ್ವವಿದ್ಯಾಲಯದ ಹುಡುಗಿಯೊಬ್ಬಳು ಬಂದು ನೆಲದ ಸರಿತ ಅಳೆಯಲು ಅಂಗಳದಲ್ಲಿ ಮೊಳೆ ಹೊಡೆದಿದ್ದಳು.

"ನಿಮ್ಮ ಮನೆ ಕೆಳಗೆ ಭೂಮಿ ತೆವಳ್ತಾ ಇದೆ ಸಾರ್."

"ಏನಂದೆ?"

"ತೆವಳ್ತಾ ಇದೆ. ನಾವು ಹಂಗೇ ಕರೀತೀವಿ."

"ತೆವಳೋಕೆ ಅದೇನು ಹುಳಾನಾ?" ಎರ್ಮೀನಿಯೊಗೆ ನಿಜಕ್ಕೂ ಸಿಟ್ಟು ಬಂದಿತ್ತು. "ಇಷ್ಟು ದೊಡ್ಡ ಬೆಟ್ಟ, ಇಷ್ಟು ತೋಟ, ಚರ್ಚು, ನನ್ನ ಹಸುಗಳು, ಎಲ್ಲಾನೂ ಹೊತ್ಕೊಂಡು ಹೋಗ್ತಿದೆ. ಒಂದು ಲೋಟ ನೀರೂ ಚೆಲ್ಲಿಲ್ಲ. ಅದಕ್ಕೆ ತೆವಳೋದು ಅಂತೀಯಲ್ಲಮ್ಮ! ಮರ್ಯಾದೆಯಾಗಿ ಒಂದು ಮಾತು ಹುಡುಕು."

ಹುಡುಗಿ ನಗುತ್ತಾ, "ನೀವೇ ಹೇಳಿ ಸಾರ್," ಎಂದಳು.

ಅವನು ಸಂಜೆಯವರೆಗೂ ಯೋಚಿಸಿದ. ಹಾಲು ಕರೆಯುತ್ತಾ ಯೋಚಿಸಿದ. ಮಾತು ಸಿಗಲಿಲ್ಲ. ಮಾರನೆಯ ದಿನ ಸುತ್ತಿಗೆ, ರಂದ ತೆಗೆದುಕೊಂಡು ಪ್ಯಾಸೇಜಿನ ಹಲಗೆಗಳನ್ನು ಕೀಳತೊಡಗಿದ.

*

"ಇನ್ನೊಂದ್ಸಲ ನೋಡೋಣ," ಎಂದ ಗಿಲ್.

ಮತ್ತೆ ಎತ್ತಿದರು. ಮತ್ತೆ ಅದೇ ಜಾಗದಲ್ಲಿ ಕರ್ರ್ ಎಂದಿತು.

"ಮಾಮ, ಅಲ್ಲಿ ಒಂಚೂರು ವಾಲ್ಬೇಕು," ಎಂದಳು ಲೂರ್ದೆಸ್‌ಳ ಮಗಳು ಇನೇಸ್, ಈ ಮನೆಯಲ್ಲೇ ಹುಟ್ಟಿ ಬೆಳೆದವಳು.

"ಎಲ್ಲಿ ವಾಲ್ಬೇಕು?"

"ಅದು... ಬಾಯಲ್ಲಿ ಹೇಳಕ್ಕೆ ಬರಲ್ಲ. ಕಾಲಿಗೆ ಗೊತ್ತು."

ಗಿಲ್ ಬಗ್ಗಿ, ಪೆಟ್ಟಿಗೆಯ ಅಂಚಿಗೆ ಕಣ್ಣು ಸಮ ಹಿಡಿದು ನೋಡಿದ. ಪೆಟ್ಟಿಗೆ ದಾರ ಹಿಡಿದಂತೆ ನೇರವಾಗಿತ್ತು. ಅದರ ಪಕ್ಕದಲ್ಲಿ ಗೋಡೆ ಹೊಳೆಯ ದಂಡೆಯಂತೆ ನಿಧಾನಕ್ಕೆ ಬಲಕ್ಕೆ ಹೊರಳಿತ್ತು. ಎಲ್ಲೂ ಒಂದು ಸೀಳಿಲ್ಲ, ಒಂದು ಮೆಟ್ಟಿಲಿಲ್ಲ. ಮುಂಬಾಗಿಲು ಇರಬೇಕಾದ ಜಾಗದಲ್ಲಿ ಇರಲೇ ಇಲ್ಲ. ಒಂದು ಮೊಳದಷ್ಟು ಆಚೆ ನಿಂತಿತ್ತು.

"ಅಮ್ಮ, ಇಲ್ಲಿ ಬಾ. ಇದನ್ನ ನೋಡು."

ದೆಯೊಲಿಂಡಾ ಬಗ್ಗಿದಳು. ಒಲೀವಿಯಾ ಬಗ್ಗಿದಳು. ಬೆನ್ನು ನೋವೆಂದು ಚರ್ಚಿನಲ್ಲೂ ಮಂಡಿಯೂರದ ಸೆರಾಫಿಂ ಮಂಡಿಯೂರಿದ. ಅಷ್ಟು ವರ್ಷಗಳಲ್ಲಿ ಈ ಪ್ಯಾಸೇಜಿನಲ್ಲಿ ಇಷ್ಟು ಉದ್ದನೆಯ ನೇರ ವಸ್ತು ಮಲಗಿದ್ದೇ ಇಲ್ಲ. ಹಾಗಾಗಿ ಯಾರಿಗೂ ಕಂಡಿರಲಿಲ್ಲ.

"ದೇವರೇ," ಒಲೀವಿಯಾ ಶಿಲುಬೆಯ ಗುರುತು ಮಾಡಿಕೊಂಡಳು. "ನಾವೆಲ್ಲ ಸೊಟ್ಟ ನಡೀತಿದ್ವಾ?"

"ದಿನಾ," ಎಂದ ಸೆರಾಫಿಂ, ಅಷ್ಟೇ ಮೆಲ್ಲಗೆ. "ಕಾಫಿ ಲೋಟ ಹಿಡ್ಕೊಂಡು. ತುಳುಕದ ಹಾಗೆ."

ಗಿಲ್ ಹೊರಗೆ ಹೋಗಿ ಟ್ರಕ್ಕಿನಿಂದ ಕಬ್ಬಿಣದ ಮೀಟುಗೋಲು ತಂದ. ಯಾರನ್ನೂ ಕೇಳದೆ ಎಡಗೋಡೆಯ ಒಂದು ಹಲಗೆ ಎಬ್ಬಿಸಿದ. ಹಿಂದೆ ಒಂದರ ಮೇಲೊಂದು ಕೂಡಿಸಿದ ಮರದ ಚಕ್ಕೆಗಳಿದ್ದವು. ಈ ತುದಿಯಲ್ಲಿ ಕಾಗದದಷ್ಟು ತೆಳು, ಆ ತುದಿಯಲ್ಲಿ ಬ್ರೆಡ್ಡಿನಷ್ಟು ದಪ್ಪ. ಏಪ್ರಿಕಾಟ್ ತುಂಬುವ ಮರದ ಡಬ್ಬಿಯ ಪಟ್ಟಿ, ಕುರ್ಚಿಯ ಕಾಲು ಸೀಳಿದ್ದು, ಯಾವುದೋ ಮಂಚದ ತುಂಡು. ನಡುವೆ ಗಿಲ್‌ನ ಶಾಲೆಯ ಅಡಿಪಟ್ಟಿ. ನೆಲ ಎಷ್ಟು ಸರಿಯಿತೋ ಅಷ್ಟೇ ಅಪ್ಪ ಮನೆಯನ್ನೂ ಸರಿಸಿದ್ದ. ಒಂದು ಕೂದಲೆಳೆಯೂ ಹೆಚ್ಚಿಲ್ಲ, ಒಂದು ವರ್ಷವೂ ಹಿಂದೆ ಬಿದ್ದಿಲ್ಲ.

"ನಿನಗೆ ಗೊತ್ತಿತ್ತಾ ಅಮ್ಮ?"

"ಬೇಸಿಗೆ ಬಂದ್ರೆ ಏನೋ ಕುಟ್ತಿದ್ರು. ಬಾಗಿಲು ಹಿಡಿತಿದೆ ಅಂತಿದ್ರು. ನಾನು ಧೂಳು ಗುಡಿಸ್ತಿದ್ದೆ." ಅವಳು ಚಕ್ಕೆಗಳ ಮೇಲೆ ಬೆರಳಾಡಿಸಿದಳು. "ಅಭ್ಯಾಸ ಆಗೋಯ್ತು ಮಗಾ. ಅಷ್ಟೇ."

*

ಗಿಲ್ ಈ ಮನೆ ಬಿಟ್ಟಿದ್ದು ಇದೇ ಪ್ಯಾಸೇಜಿನಲ್ಲಿ ಕೂಗಾಡಿ. ಆಗ ಅವನ ಕೈಯಲ್ಲಿ ಹೊಸ ಮನೆಯ ಬೀಗದ ಕೈ ಇತ್ತು. ಎಲ್ಲರೂ ಅಲ್ಲಿಗೆ ಹೋಗೋಣವೆಂದು ಅವನ ಹಟ.

"ಈ ಮನೆ ಒಂದಿನ ಎರಡಾಗತ್ತಪ್ಪ! ಅರ್ಧ ಅಲ್ಲಿ, ಅರ್ಧ ಇಲ್ಲಿ!"

"ಆಗ್ಲಿ ಬಿಡು," ಎಂದಿದ್ದ ಎರ್ಮೀನಿಯೊ, ಬಾಯಲ್ಲಿ ಮೊಳೆ ಕಚ್ಚಿಕೊಂಡೇ. "ಮಧ್ಯ ನಾನಿರ್ತೀನಲ್ಲ."

ಗಿಲ್ ಬಾಗಿಲು ಬಡಿದು ಹೋಗಿದ್ದ. ಹಬ್ಬಕ್ಕೆ ಬರಲಿಲ್ಲ. ಆಮೇಲೆ ಫೋನೂ ಕಡಿಮೆಯಾಯಿತು. ಯಾರೂ ಮುರಿದುಕೊಳ್ಳಲಿಲ್ಲ, ಹಾಗೇ ದೂರವಾದರು.

*

ಚರ್ಚಿನ ಗಂಟೆ ಹೊಡೆಯಿತು. ಇನ್ನು ನಾಲ್ಕು ಹಲಗೆ ಎಬ್ಬಿಸಿ ಚಕ್ಕೆಗಳನ್ನು ಕಿತ್ತರೆ ಪೆಟ್ಟಿಗೆ ಹಾಯಾಗಿ ಹೋಗುತ್ತದೆ. ಗಿಲ್‌ಗೆ ಅದು ಗೊತ್ತಿತ್ತು.

"ಅಥವಾ ನಾವೇ ಹಿಡೀತೀವಿ," ಎಂದಳು ಲೂರ್ದೆಸ್. "ನಾನು, ಇನೇಸ್, ಸೆರಾಫಿಂ, ಅಮ್ಮ. ನಮಗೆ ಅಭ್ಯಾಸ ಇದೆ. ನಿಂಗೆ ಬರಲ್ಲ ಕಣೋ."

"ಅಂದ್ರೆ ನಾನು ಮಗ ಅಲ್ವಾ? ನಮ್ಮಪ್ಪನ್ನ ನಾನು ಹೊರಬಾರ್ದಾ?"

"ನಾನೆಲ್ಲಿ ಹಂಗಂದೆ?"

"ಅಮ್ಮ, ನೀನೇ ಹೇಳು. ಕೀಳ್ಲಾ?"

ದೆಯೊಲಿಂಡಾ ಮಗನ ಕೈಯಲ್ಲಿದ್ದ ಮೀಟುಗೋಲು ನೋಡಿದಳು, ಗೋಡೆ ನೋಡಿದಳು. "ಕೀಳೋದಾದ್ರೆ ಕೀಳು. ಮಗ ಹೊರೋದು ದೊಡ್ಡದೇ. ನಿಮ್ಮಪ್ಪನೂ ಬೇಡ ಅಂತಿರ್ಲಿಲ್ಲ. ನಾನೂ ಬೇಡ ಅನ್ನಲ್ಲ." ಅವಳು ಕೈಗಂಟಿದ ಬ್ರೆಡ್ಡಿನ ಪುಡಿ ಒರೆಸಿಕೊಂಡಳು. "ಆದ್ರೆ ಬೇಗ ಹೇಳು. ಪಾದ್ರಿಗಳು ಕಾಯ್ತಿದಾರೆ."

ಗಿಲ್ ಮುಂದಿನ ಹಲಗೆಯ ಸಂದಿಗೆ ಗೋಲಿನ ತುದಿ ಇಟ್ಟ. ಒತ್ತಿದ. ಮೊಳೆಯೊಂದು ಕಿರುಗುಟ್ಟಿತು. ಆಮೇಲೆ ಗೋಲನ್ನು ನೆಲದ ಮೇಲಿಟ್ಟು, ಅಡಿಗೆಮನೆಯ ಬಾಗಿಲಿನಿಂದ, ಕಸದ ಡಬ್ಬಿ ದಾಟಿ, ಮನೆಯನ್ನು ಸುತ್ತಿ ಬಂದು ಮುಂಬಾಗಿಲ ಹೊರಗೆ ನಿಂತುಕೊಂಡ.

ಒಳಗೆ ನಾಲ್ವರೂ ಎತ್ತಿದರು. ಮುಂದಿನ ಹಿಡಿ, ಅವನ ಹಿಡಿ, ಈಗ ಹಸು ಕರೆದು ಗಂಟುಬಿದ್ದ ಅಮ್ಮನ ಬೆರಳುಗಳಲ್ಲಿತ್ತು. ಯಾರೂ ಕಾಲ ಕಡೆ ನೋಡಲಿಲ್ಲ. ಯಾರೂ ಎಡ ಅನ್ನಲಿಲ್ಲ, ಬಲ ಅನ್ನಲಿಲ್ಲ. ಆ ಜಾಗ ಬಂದಾಗ ನಾಲ್ಕು ಭುಜಗಳು ಒಟ್ಟಿಗೆ ವಾಲಿದವು, ನಾಲ್ಕು ಸೊಂಟಗಳು ಒಟ್ಟಿಗೆ ತಿರುಗಿದವು, ಪೆಟ್ಟಿಗೆ ತುಸು ಓರೆಯಾಗಿ ಮೇಲೆದ್ದು, ಹೊಳೆಯಲ್ಲಿ ದೋಣಿ ತಿರುಗುವ ಹಾಗೆ ತಿರುಗಿತು. ಹಲಗೆಗೆ ಒಂದು ಗೀರೂ ಬೀಳಲಿಲ್ಲ. ಟರ್ಲಾಕಿನವನು ಬಾಯಿ ತೆರೆದುಕೊಂಡೇ ಹ್ಯಾಟು ತೆಗೆದ. ಗಿಲ್ ಆಚೆಯ ನೆಲದ ಮೇಲೆ ಎರಡೂ ಕೈ ಚಾಚಿ ನಿಂತಿದ್ದ, ಅಪ್ಪನ ಕಾಲುಗಳು ನೇರವಾಗಿ ಅವನ ಅಂಗೈಗೇ ಬರುತ್ತಿದ್ದವು.

ನಿಜ ಹೇಳಿ, ನಿಮ್ಮ ಕೈಯಲ್ಲಿ ಆ ಗೋಲಿದ್ದಿದ್ದರೆ ನೀವು ಏನು ಮಾಡುತ್ತಿದ್ದಿರಿ?