ಅವರು ಕೊರೆದ ಕಲ್ಲು

ಬಟ್ಟೆ ಹೊಲಿಯುವ ಟೈಲರಮ್ಮನ ಹೆಸರಿಗೆ ಷೇರುಗಳು ಬಂದದ್ದು ಗಂಡ ತೀರಿಕೊಂಡ ಮೇಲೆ. ಆತ ಅವುಗಳನ್ನು ಕೊಂಡ ದಿನ ಮನೆಯಲ್ಲಿ ದೊಡ್ಡ ರಂಪವೇ ಆಗಿತ್ತು. ಆತ ಡ್ರಿಲ್ಲರ್. ನೆಲದಡಿ ತಾಮ್ರ ಇದೆಯೋ ಇಲ್ಲವೋ ಎಂದು ತಿಳಿಯಲು ಬಂಡೆಯನ್ನು ಆಳದವರೆಗೆ ಕೊರೆದು, ಮಣಿಕಟ್ಟಿನಷ್ಟು ದಪ್ಪದ ಕಲ್ಲಿನ ಕೋಲುಗಳನ್ನು ಮೇಲೆತ್ತುವುದು ಆತನ ಕೆಲಸ. ವರ್ಷದ ಮುಕ್ಕಾಲು ಪಾಲು ಗುಡ್ಡದ ಮೇಲಿನ ಶಿಬಿರದಲ್ಲೇ ಕಳೆಯುತ್ತಿತ್ತು. ಮಗಳು ಹುಟ್ಟಿದಾಗ ಅಲ್ಲಿದ್ದ, ಅವಳು ಮೊದಲ ಸಲ ಶಾಲೆಗೆ ಹೋದಾಗಲೂ ಅಲ್ಲೇ ಇದ್ದ.

"ಆ ಗುಡ್ಡಾನೇ ಕಟ್ಕೊಬೇಕಿತ್ತು ನೀವು," ಎಂದು ಆಕೆ ಹೊಲಿಗೆಯಿಂದ ತಲೆ ಎತ್ತದೆ ಅನ್ನುತ್ತಿದ್ದಳು.

ಆತ ನಗುತ್ತಿದ್ದ. ಉಳಿಸಿದ್ದನ್ನೆಲ್ಲ ತಾನು ದುಡಿಯುತ್ತಿದ್ದ ಆ ಪುಟ್ಟ ಕಂಪನಿಗೇ ಸುರಿದ. "ಒಳಗಿದೆ ಕಣೇ. ನಾನು ಕಣ್ಣಾರೆ ನೋಡಿದೀನಿ," ಎನ್ನುತ್ತಿದ್ದ. ಇನ್ನು ಮೇಲೆ ಮನೆಯಲ್ಲೇ ಇರ್ತೀನಿ ಎಂದು ನಿವೃತ್ತನಾಗಿ ಬಂದವನು, ಆ ವರ್ಷ ಮುಗಿಯುವುದರೊಳಗೆ ಎದೆನೋವೆಂದು ಕೂತ ಕುರ್ಚಿಯಲ್ಲೇ ಹೋಗಿಬಿಟ್ಟ.

ಈಗ ಕಂಪನಿ ಆ ಗುಡ್ಡದ ಅದಿರನ್ನು ಪರೀಕ್ಷಿಸಲು ಒಂದು ಪ್ರಾಯೋಗಿಕ ಘಟಕ ತೆರೆದಿತ್ತು. ಷೇರುದಾರರು ಬಂದು ನೋಡಬಹುದು ಎಂದು ಕರೆ ಬಂತು.

"ಮಾರಿ ಕೈತೊಳ್ಕೊಳಮ್ಮ. ಅಲ್ಲಿ ನೋಡೋಕೇನಿದೆ?" ಎಂದಳು ಮಗಳು. ಅವಳು ಆಸ್ಪತ್ರೆಯಲ್ಲಿ ನರ್ಸು. ಅಪ್ಪನ ಮಾತು ಬಂದರೆ ಅವಳ ಮಾತು ಮೊಟಕಾಗುತ್ತಿತ್ತು.

"ಮಾರೋಕೆ ಮುಂಚೆ ಒಂದ್ಸಲ ನೋಡ್ಬೇಡ್ವಾ? ಇಷ್ಟು ವರ್ಷ ನನ್ನ ಗಂಡನ್ನ ಇಟ್ಕೊಂಡಿದ್ದು ಅದು."

ಮಗಳು ಗೊಣಗುತ್ತಲೇ ರಜೆ ಹಾಕಿ ಕಾರು ತೆಗೆದಳು.

ಘಟಕವೆಂದರೆ ತಗಡಿನ ಒಂದು ದೊಡ್ಡ ಶೆಡ್ಡು. ಬಾಗಿಲಲ್ಲಿ ಎಲ್ಲರಿಗೂ ಹೆಲ್ಮೆಟ್ಟು, ಕಣ್ಣಿಗೆ ದೊಡ್ಡ ಕನ್ನಡಕ, ಕಿವಿಗೆ ಹತ್ತಿ ಕೊಟ್ಟರು. ಟೈಲರಮ್ಮನ ತುರುಬಿನ ಮೇಲೆ ಹೆಲ್ಮೆಟ್ಟು ಕೂರಲೊಲ್ಲದು. ಬಂದವರಲ್ಲಿ ಒಬ್ಬ ನಿವೃತ್ತ ಬಸ್ ಕಂಡಕ್ಟರು ಅದನ್ನು ನೋಡಿ, "ತುರುಬಿಗೂ ಒಂದು ಸೀಟು ಬೇಕಲ್ಲಮ್ಮ," ಎಂದಾಗ ಎಲ್ಲರೂ ನಕ್ಕರು. ಆಮೇಲೆ ಯಂತ್ರಗಳ ಸದ್ದು ನಗುವನ್ನೆಲ್ಲ ನುಂಗಿಹಾಕಿತು.

ಕರೆದುಕೊಂಡು ಹೋದವಳು ಘಟಕದ ಎಂಜಿನಿಯರು, ಮಗಳ ವಯಸ್ಸಿನವಳು. ಕೂಗಿ ಕೂಗಿ ಗಂಟಲು ಕಟ್ಟಿತ್ತು. ಮೊದಲು ಕಲ್ಲನ್ನು ಜಲ್ಲಿ ಮಾಡುವ ಕ್ರಷರು. ಆಮೇಲೆ ಉಕ್ಕಿನ ಗುಂಡುಗಳಿರುವ, ಉರುಳುತ್ತಲೇ ಇರುವ ಪೀಪಾಯಿ. ಅದರಲ್ಲಿ ಕಲ್ಲು ನೀರಿನೊಂದಿಗೆ ಹಿಟ್ಟಾಗುತ್ತಿತ್ತು. ಕೊನೆಯಲ್ಲಿ ಸಾಲಾಗಿ ತೊಟ್ಟಿಗಳು. ಕೆಳಗಿನಿಂದ ಗಾಳಿ ಊದಿದಾಗ ಬೂದು ಕೆಸರಿನ ಮೇಲೆ ನೊರೆ ಏಳುತ್ತಿತ್ತು.

"ತಾಮ್ರದ ಕಣ ಗುಳ್ಳೆಗೆ ಅಂಟ್ಕೊಂಡು ಮೇಲೆ ಬರುತ್ತೆ. ಬರೀ ಕಲ್ಲು ಕೆಳಗೇ ಉಳಿಯುತ್ತೆ," ಎಂದಳು ಎಂಜಿನಿಯರು.

"ಮತ್ತೆ ಗಣಿ ಯಾವಾಗ?" ಎಂದು ಕಂಡಕ್ಟರು ಕೇಳಿದ.

ಅವಳು ಹೇಳಿದಳು: "ಸುಳ್ಳು ಹೇಳಲ್ಲ ಸಾರ್. ತಾಮ್ರ ಇದೆ. ಆದ್ರೆ ಕಣ ತುಂಬಾ ಸಣ್ಣ. ಎಷ್ಟು ಅರೆದರೂ ಅರ್ಧಕ್ಕರ್ಧ ಕಲ್ಲಿನ ಜೊತೆಗೇ ಹೋಗ್ತಿದೆ. ಇದು ಕೊನೇ ಪರೀಕ್ಷೆ. ಇದ್ರಲ್ಲೂ ಆಗ್ಲಿಲ್ಲ ಅಂದ್ರೆ ಕಂಪನಿ ಬಾಗಿಲು ಹಾಕಬೇಕಾಗುತ್ತೆ."

ಕಂಡಕ್ಟರು ಕನ್ನಡಕ ತೆಗೆದು ಒರೆಸಿಕೊಂಡ.

ಕ್ರಷರಿನ ಪಕ್ಕದಲ್ಲಿ ಉದ್ದನೆಯ ತಗಡಿನ ಟ್ರೇಗಳನ್ನು ಪೇರಿಸಿದ್ದರು. ಒಂದೊಂದರಲ್ಲೂ ಉದ್ದಕ್ಕೆ ಎರಡಾಗಿ ಸೀಳಿದ ಕಲ್ಲಿನ ಕೋಲುಗಳು ಸಾಲಾಗಿ ಮಲಗಿದ್ದವು. ಅಂಚಿನಲ್ಲಿ ಕಪ್ಪು ಬಣ್ಣದಲ್ಲಿ ಆಳದ ಅಳತೆ ಬರೆದಿತ್ತು. ಟೈಲರಮ್ಮ ಅಲ್ಲಿಯೇ ನಿಂತುಬಿಟ್ಟಳು. ಬಲಕ್ಕೆ ವಾಲಿದ ಅಂಕಿಗಳು, ಪ್ರತಿ ಸೊನ್ನೆಯ ಹೊಟ್ಟೆಯಲ್ಲೂ ಒಂದು ಚುಕ್ಕೆ. ಮನೆಯ ಗ್ಯಾಸ್ ಸಿಲಿಂಡರಿನ ಮೇಲೆ ದಿನಾಂಕ ಬರೆಯುತ್ತಿದ್ದ ಕೈ ಅದು.

"ಇದು ಅವರದ್ದು," ಎಂದಳು.

ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಮಗಳು ಮಾತ್ರ ಅಮ್ಮನ ಬೆರಳು ಹೋದ ಕಡೆ ನೋಡಿದಳು. ಸೊನ್ನೆಯೊಳಗಿನ ಚುಕ್ಕೆಗಳನ್ನು ಅವಳೂ ಗುರುತು ಹಿಡಿದಳು.

ಎಂಜಿನಿಯರು ಹತ್ತಿರ ಬಂದಾಗ ಟೈಲರಮ್ಮ ತಾನು ಯಾರೆಂದು ಹೇಳಿದಳು. ಎಂಜಿನಿಯರು ಹೆಲ್ಮೆಟ್ಟು ತೆಗೆದು ಕಂಕುಳಲ್ಲಿ ಇಟ್ಟುಕೊಂಡಳು. "ಅವರು ಕೊರೆದದ್ದರ ಮೇಲೇ ನಮ್ಮ ಇಡೀ ಕೆಲಸ ನಿಂತಿದೆಯಮ್ಮ. ಸೀಳಿದ್ದರಲ್ಲಿ ಅರ್ಧ ಆಗ್ಲೇ ಲ್ಯಾಬಿಗೆ ಹೋಗಿತ್ತು. ಈಗ ಉಳಿದರ್ಧ…" ಮುಂದಕ್ಕೆ ಹೇಳದೆ ಕ್ರಷರಿನ ಕಡೆ ನೋಡಿದಳು.

"ಇವನ್ನೂ ಪುಡಿ ಮಾಡ್ತೀರಾ?" ಮಗಳ ದನಿ ಏರಿತು.

"ಹೊಸದಾಗಿ ಅಗೆಯೋಕೆ ಅನುಮತಿ ಸಿಕ್ಕಿಲ್ಲ. ನಮ್ಮ ಹತ್ರ ಇರೋ ಕಲ್ಲು ಇಷ್ಟೇ."

"ಒಂದು ಟ್ರೇ ಆದ್ರೂ ಬಿಡಿ! ಇಡೀ ಜನ್ಮ ಇದಕ್ಕೇ ಸವೆಸಿದ್ರು. ನಮ್ಮ ಹತ್ರ ಅಂತ ಅವರು ಇದ್ದಿದ್ದೇ ಇಲ್ಲ. ಈಗ ಇದನ್ನೂ ಗಂಜಿ ಮಾಡ್ಬಿಡ್ತೀರಾ?"

ಮಾರಿ ಕೈತೊಳೆದುಕೋ ಎಂದವಳು ಇವಳೇನಾ ಎಂದು ತಾಯಿ ಬೆರಗಾಗಿ ನೋಡಿದಳು. ಮಗಳು ಅಪ್ಪನಿಗಾಗಿ ಅತ್ತದ್ದನ್ನು ಆಕೆ ಕಂಡಿರಲಿಲ್ಲ, ಸತ್ತ ದಿನವೂ. ಈಗ ಆ ದೊಡ್ಡ ಕನ್ನಡಕದೊಳಗೆ ಕಣ್ಣು ತುಂಬಿ ಹರಿಯುತ್ತಿತ್ತು, ಒರೆಸಿಕೊಳ್ಳಲೂ ಆಗುತ್ತಿರಲಿಲ್ಲ.

"ತಗೊಂಡ್ಹೋಗಿ," ಎಂದಳು ಎಂಜಿನಿಯರು ಮೆಲ್ಲನೆ. "ಒಂದು ಟ್ರೇಗೆ ನಾನು ಉತ್ತರ ಕೊಟ್ಕೋತೀನಿ."

ಟೈಲರಮ್ಮ ಒಂದು ತುಂಡನ್ನು ಕೈಗೆತ್ತಿಕೊಂಡಳು. ತಣ್ಣಗಿತ್ತು, ಅಂದುಕೊಂಡದ್ದಕ್ಕಿಂತ ಭಾರ. ಬೂದು ಕಲ್ಲಿನೊಳಗೆ ಹಳದಿಯ ಸಣ್ಣ ಸಣ್ಣ ಮಿನುಗು. ಇದನ್ನು ನೋಡಲೆಂದೇ ಆತ ಕೊರೆಯುವ ಗಾಳಿ ಚಳಿಯಲ್ಲಿ ನಿಂತಿದ್ದನೆ? ತಾನು ಒಂದು ಸಲವಾದರೂ, ಏನು ನೋಡಿದಿರಿ ಎಂದು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದ. ಹೇಳಲು ಕಾದೇ ಇದ್ದ.

"ಬೇಡ," ಎಂದಳು.

"ಅಮ್ಮಾ!"

"ಷೋಕೇಸಲ್ಲಿ ಇಡೋಕೆ ತೆಗೀಲಿಲ್ಲ ಕಣೇ ನಿಮ್ಮಪ್ಪ. ಒಳಗೇನಿದೆ ಅಂತ ತಿಳೀಲಿ ಅಂತ ತೆಗೆದ್ರು. ನಾವು ಒಂದು ಟ್ರೇ ಎತ್ತಿಟ್ಕೊಂಡ್ರೆ ಆಮೇಲೆ ಯಾರಾದ್ರೂ, ಪೂರ್ತಿ ನೋಡ್ಲೇ ಇಲ್ಲ ಅಂತಾರೆ. ಅವರ ಕೆಲಸ ಅರೆಬರೆ ಆಗೋದು ಬೇಡ." ಆಮೇಲೆ ಎಂಜಿನಿಯರಿಗೆ ಹೇಳಿದಳು: "ನಾವೇ ಹಾಕಬಹುದಾ?"

ಎಂಜಿನಿಯರು ಯಂತ್ರ ನಡೆಸುವವನಿಗೆ ಸನ್ನೆ ಮಾಡಿದಳು. ಅವನು ಕ್ರಷರನ್ನು ನಿಲ್ಲಿಸಿದ. ಶೆಡ್ಡಿನ ಸದ್ದು ಅರ್ಧಕ್ಕೆ ಇಳಿಯಿತು. ಮಗಳು ಕದಲಲಿಲ್ಲ. ತಾಯಿ ಟ್ರೇಯ ಒಂದು ತುದಿ ಹಿಡಿದು ಕಾದಳು. ಒಬ್ಬಳಿಂದ ಎತ್ತಲಾಗದ ಭಾರ ಅದು. ಕಂಡಕ್ಟರು ಮುಂದೆ ಬಂದ. ಟೈಲರಮ್ಮ ಬೇಡವೆಂದು ತಲೆಯಾಡಿಸಿದಳು. ಕಡೆಗೆ ಮಗಳು ಬಂದು ಇನ್ನೊಂದು ತುದಿ ಹಿಡಿದಳು. ರೋಗಿಯನ್ನು ಮಂಚದಿಂದ ಮಂಚಕ್ಕೆ ಸಾಗಿಸುವವಳಂತೆ ಹುಷಾರಾಗಿ ಹೆಜ್ಜೆಯಿಟ್ಟಳು. ಇಬ್ಬರೂ ಸೇರಿ ಕಲ್ಲುಗಳನ್ನು ಯಂತ್ರದ ಬಾಯಿಗೆ ಸುರಿದು ದೂರ ಸರಿದು ನಿಂತರು. ಯಂತ್ರ ಮತ್ತೆ ಶುರುವಾಯಿತು. ಕಂಡಕ್ಟರು ಹೆಲ್ಮೆಟ್ಟು ತೆಗೆದ. ಅವನನ್ನು ನೋಡಿ ಉಳಿದವರೂ ತೆಗೆದರು.

ಬೇರೆಯವರು ಹೊರಟ ಮೇಲೂ ತಾಯಿ ಮಗಳು ಕಾದರು. ಸಂಜೆಯ ಹೊತ್ತಿಗೆ ಎಂಜಿನಿಯರು ಅವರನ್ನು ತೊಟ್ಟಿಯ ಬಳಿಗೆ ಕರೆದಳು. ನೊರೆ ಅಂಚು ದಾಟಿ ಹೊರಳುತ್ತಿತ್ತು, ಕಪ್ಪಗೆ, ಬೆಳಕು ಬಿದ್ದಲ್ಲಿ ಹಿತ್ತಾಳೆಯ ಹೊಳಪು. ಟೈಲರಮ್ಮ ಒಂದಿಷ್ಟನ್ನು ಬೆರಳಿಗೆ ತೆಗೆದುಕೊಂಡು ಹೆಬ್ಬೆರಳಿನಿಂದ ಉಜ್ಜಿ ನೋಡಿದಳು.

"ಇತ್ತು," ಎಂದಳು ಮಗಳಿಗೆ. "ಸುಳ್ಳು ಹೇಳಿರಲಿಲ್ಲ."

ಮಳೆಗಾಲ ಮುಗಿಯುವ ಹೊತ್ತಿಗೆ ಸುದ್ದಿ ಬಂತು. ಕೊನೆಯ ಪರೀಕ್ಷೆಯೂ ಕೈಕೊಟ್ಟಿತ್ತು, ಕಂಪನಿ ಘಟಕವನ್ನು ಮುಚ್ಚಿತು. ಷೇರುಗಳನ್ನು ಕೇಳುವವರೇ ಇಲ್ಲವಾದರು. ಟೈಲರಮ್ಮ ಇದನ್ನು ಮಗಳಿಗೆ ಫೋನಿನಲ್ಲಿ ಹೇಳಿದಳು.

"ಇರ್ಲಿ ಬಿಡಮ್ಮ," ಎಂದಳು ಮಗಳು. ಆಮೇಲೆ, "ಭಾನುವಾರ ಬರ್ತೀನಿ. ಆ ಗುಡ್ಡಕ್ಕೆ ದಾರಿ ಗೊತ್ತಾ ನಿಂಗೆ?"

"ನಂಗೆಲ್ಲಿ ಗೊತ್ತು? ನಾನೂ ಹೋದವಳಲ್ಲ."

"ಸರಿ, ಕೇಳ್ಕೊಂಡು ಹೋಗೋಣ," ಎಂದಳು ಮಗಳು.